ಮೊದಲ ಸೈಕಲ್ ಪ್ರವಾಸ: ಬ್ಯಾಗು ಆಮೇಲೆ, ಮೊದಲು ಹಲ್ಲು ಎಣಿಸಿ

ಹಾಸನದ ಹೊಸ ಸದಸ್ಯರಿಗೆ ನಮಸ್ಕಾರ. ನೀವೂ ನಿಮ್ಮ ತಮ್ಮನೂ ಡಿಸೆಂಬರಿನಲ್ಲಿ ನಾಲ್ಕು ದಿನದ ಬೈಕ್‌ಪ್ಯಾಕಿಂಗ್ (ಸಾಮಾನು ಕಟ್ಟಿಕೊಂಡು ಸೈಕಲ್ ಪ್ರವಾಸ) ಹೊರಡುವ ಯೋಚನೆಯಲ್ಲಿದ್ದೀರಿ. ಹಾಸನದಿಂದ ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಮುಳ್ಳಯ್ಯನಗಿರಿ, ಬೇಲೂರಿನ ಮೇಲೆ ವಾಪಸು. ಟೆಂಟು, ಒಲೆ, ಬಟ್ಟೆ ಎಲ್ಲ ಸೈಕಲ್ಲಿನ ಮೇಲೆಯೇ. ಇದಕ್ಕೆ ಯಾವ ಬ್ಯಾಗು ಒಳ್ಳೆಯದು ಎಂದು ಕೇಳಿದ್ದೀರಿ. ನನಗಿಂತ ಮೊದಲು ಬರೆದವರು ಬೇಕಾದಷ್ಟು ಹೆಸರು ಕೊಟ್ಟಿದ್ದಾರೆ, ನಾನು ಇನ್ನೊಂದು ಸೇರಿಸುವುದಿಲ್ಲ. ಬ್ಯಾಗು ಎಲ್ಲದಕ್ಕಿಂತ ಕೊನೆಗೆ ಕೊಳ್ಳುವ ವಸ್ತು. ನಿಮ್ಮ ಸೈಕಲ್ಲು ಹೊರೆ ಹೊತ್ತು ಏರು ಹತ್ತುತ್ತದೆಯೇ, ರಾತ್ರಿ ಎಲ್ಲಿ ಮಲಗುತ್ತೀರಿ, ಇವೆರಡು ಇತ್ಯರ್ಥವಾಗದೆ ಬ್ಯಾಗಿನ ಅಳತೆಯೇ ಗೊತ್ತಾಗುವುದಿಲ್ಲ.

ಇವತ್ತೇ ಸೈಕಲ್ಲನ್ನು ಅಂಗಳಕ್ಕೆ ತಂದು ಹಲ್ಲು ಎಣಿಸಿ. ಪೆಡಲಿನ ಬಳಿ ಇರುವ ಅತಿ ಚಿಕ್ಕ ಚಕ್ರದ ಹಲ್ಲುಗಳು, ಹಿಂದಿನ ಗಾಲಿಯ ಅತಿ ದೊಡ್ಡ ಚಕ್ರದ ಹಲ್ಲುಗಳು. ಶುರು ಮಾಡಿದ ಹಲ್ಲಿಗೆ ಒಂದು ಸುಣ್ಣದ ಬೊಟ್ಟು ಇಟ್ಟುಕೊಳ್ಳಿ, ಇಲ್ಲದಿದ್ದರೆ ಅರ್ಧದಲ್ಲಿ ಲೆಕ್ಕ ತಪ್ಪುತ್ತದೆ. ಮುಂದಿನ ಸಂಖ್ಯೆಯನ್ನು ಹಿಂದಿನದರಿಂದ ಭಾಗಿಸಿದರೆ ಬರುವ ಉತ್ತರ 1ಕ್ಕಿಂತ ಕಡಿಮೆ ಇರಬೇಕು. 0.8ರ ಆಸುಪಾಸಿನಲ್ಲಿದ್ದರೆ ಮಲೆನಾಡಿನ ಏರುಗಳಿಗೆ ಹೆದರಬೇಕಾಗಿಲ್ಲ. ಮುಂದೆ ಮೂರು ಚಕ್ರವಿರುವ ಸಾಧಾರಣ ಗೇರ್ ಸೈಕಲ್ಲುಗಳಲ್ಲಿ 24 ಮತ್ತು 28 ಹಲ್ಲುಗಳ ಜೋಡಿ ಸಾಮಾನ್ಯ. ಅಂದರೆ 0.86. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಆರೂವರೆ ಕಿ.ಮೀ. ಹೋಗುತ್ತೀರಿ. ನಿಧಾನ ಅನ್ನಿಸಬಹುದು, ಆದರೆ ಮಂಡಿ ಉಳಿಯುತ್ತದೆ, ಉಸಿರೂ ಉಳಿಯುತ್ತದೆ. ಈಗಿನ ಕೆಲವು ಚೆಂದದ ಸೈಕಲ್ಲುಗಳಲ್ಲಿ ಮುಂದೆ ಒಂದೇ ಚಕ್ರ, 38 ಹಲ್ಲು, ಹಿಂದೆ 34. ಉತ್ತರ 1.1. ಹತ್ತು ಹನ್ನೆರಡು ಕಿಲೋ ಹೊರೆ ಕಟ್ಟಿಕೊಂಡು ಅದರಲ್ಲಿ ಏರು ಹತ್ತುವುದು ತರಬೇತಿ ಪಡೆದ ಕಾಲುಗಳಿಗೆ ಮಾತ್ರ. ನಿಮ್ಮ ಲೆಕ್ಕ 1 ದಾಟಿದರೆ ಬ್ಯಾಗಿಗೆ ಎತ್ತಿಟ್ಟ ಹಣದಲ್ಲಿ ಹಿಂದಿನ ಹಲ್ಲುಚಕ್ರದ ಗುಚ್ಛವನ್ನೋ ಮುಂದಿನ ಚಕ್ರವನ್ನೋ ಬದಲಾಯಿಸಿ. ಹಿಂದೆ ದೊಡ್ಡದು ಹಾಕಿಸುವುದಾದರೆ ಗೇರು ಬದಲಿಸುವ ಭಾಗಕ್ಕೆ ಅದು ಹಿಡಿಸುತ್ತದೆಯೇ ಎಂದು ಅಂಗಡಿಯವರನ್ನು ಮೊದಲೇ ಕೇಳಿ. ಚೈನು ಕೂಡ ಉದ್ದ ಮಾಡಬೇಕಾಗಬಹುದು.

ಇನ್ನು ದಾರಿ. ನೀವು ಬರೆದಿರುವ ದಾರಿ ಕಾಗದದ ಮೇಲೆ ಹಿತವಾಗಿದೆ, ದಿನಕ್ಕೆ ನಲವತ್ತೈವತ್ತು ಕಿ.ಮೀ. ಕಿ.ಮೀ. ನೋಡಿ ಯೋಜನೆ ಮಾಡುವುದು ಬೈಕಿನವರ ಅಭ್ಯಾಸ. ಸೈಕಲ್ಲಿನವರು ಒಟ್ಟು ಎಷ್ಟು ಮೀಟರ್ ಮೇಲೆ ಹತ್ತಬೇಕು ಎಂಬುದನ್ನು ನೋಡಬೇಕು. ಹಾಸನವೂ ಸಕಲೇಶಪುರವೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಹಾಗೆಂದು ನಡುವಿನ ರಸ್ತೆ ಮಟ್ಟಸವಾಗಿಲ್ಲ. ಸಕಲೇಶಪುರ ದಾಟಿ ಮೂಡಿಗೆರೆ ಕಡೆ ತಿರುಗಿದ ಮೇಲೆ ಒಂದು ಹಳ್ಳ, ಒಂದು ದಿಣ್ಣೆ, ಮತ್ತೆ ಹಳ್ಳ. ಇಳಿದಷ್ಟನ್ನೂ ಮತ್ತೆ ಹತ್ತಬೇಕು. ಮುಳ್ಳಯ್ಯನಗಿರಿಯ ಲೆಕ್ಕ ಇನ್ನೂ ಸ್ಪಷ್ಟ: ಚಿಕ್ಕಮಗಳೂರು ಸುಮಾರು 1,090 ಮೀಟರ್, ಶಿಖರ 1,930 ಮೀಟರ್. ಸುಮಾರು ಇಪ್ಪತ್ತು ಕಿ.ಮೀ. ದಾರಿಯಲ್ಲಿ ಎಂಟು ನೂರು ಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಕೈಮರದ ತನಿಖಾ ಠಾಣೆ ದಾಟಿದ ಮೇಲೆ. ಖಾಲಿ ಸೈಕಲ್ಲಿನಲ್ಲೇ ಅದು ಒಂದು ಪೂರ್ತಿ ದಿನದ ಕೆಲಸ ಎಂದು ಇಟ್ಟುಕೊಳ್ಳಿ. ಮೊದಲ ಪ್ರವಾಸದ ಮೂರನೇ ದಿನ, ಸೋತ ಕಾಲಿಗೆ, ಟೆಂಟು ಹೊತ್ತುಕೊಂಡು ಬೇಡ.

ಹೆದ್ದಾರಿಯ ವಿಷಯವನ್ನೂ ಹೇಳಬೇಕು. ಹಾಸನ–ಸಕಲೇಶಪುರದ್ದು ಬೆಂಗಳೂರು–ಮಂಗಳೂರು ಹೆದ್ದಾರಿ, ಶಿರಾಡಿಗೆ ಹೋಗುವ ಲಾರಿ, ಟ್ಯಾಂಕರುಗಳೆಲ್ಲ ಅಲ್ಲೇ. ಹೊರೆ ಕಟ್ಟಿದ ಸೈಕಲ್ಲು ಮೊದಮೊದಲು ನೆಟ್ಟಗೆ ಹೋಗುವುದಿಲ್ಲ, ಹ್ಯಾಂಡಲ್ ತೂಗಾಡುತ್ತದೆ. ಅದನ್ನು ಟ್ಯಾಂಕರಿನ ಪಕ್ಕದಲ್ಲಿ ಕಲಿಯುವುದು ಬೇಡ.

ಯಾರೂ ಇಲ್ಲಿ ಆನೆಯ ಸುದ್ದಿ ಎತ್ತಿಲ್ಲ, ಆಶ್ಚರ್ಯವಾಯಿತು. ಸಕಲೇಶಪುರ, ಆಲೂರು, ಬೇಲೂರಿನ ಬಿಕ್ಕೋಡು–ಅರೇಹಳ್ಳಿ ಕಡೆ, ಮೂಡಿಗೆರೆ, ಎಲ್ಲ ಕಾಡಾನೆ ಓಡಾಡುವ ಸೀಮೆ. ಹಗಲು ಕಾಫಿ ತೋಟದ ನೆರಳಿನಲ್ಲಿ ನಿಂತಿರುತ್ತವೆ, ಸಂಜೆಗೆ ಗದ್ದೆಗೆ ಇಳಿಯುತ್ತವೆ, ಬೆಳಗಿನ ಜಾವ ವಾಪಸು ಹೋಗುತ್ತವೆ. ಡಿಸೆಂಬರಿನಲ್ಲಿ ಭತ್ತವೂ ಇರುತ್ತದೆ. ಬೈಕು, ಜೀಪಿನ ಸದ್ದು ಆನೆಗೆ ದೂರದಿಂದಲೇ ಕೇಳುತ್ತದೆ. ಸೈಕಲ್ಲು ಸದ್ದಿಲ್ಲದೆ ತಿರುವು ದಾಟಿ ಅದರ ಮುಂದೆಯೇ ನಿಲ್ಲುತ್ತದೆ. ಆದ್ದರಿಂದ ಆ ಸೀಮೆಯಲ್ಲಿ ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಟು, ನಾಲ್ಕೂವರೆ ಐದಕ್ಕೆಲ್ಲ ತಂಗುವ ಜಾಗ ಸೇರಬೇಕು. ತಿರುವಿನಲ್ಲಿ ಗಂಟೆ ಹೊಡೆಯಿರಿ. ರಸ್ತೆಯ ಮೇಲೆ ಹಸಿ ಲದ್ದಿ, ಮುರಿದ ಬೈನೆ ಮರ ಕಂಡರೆ ನಿಂತು, ಎದುರಿನಿಂದ ಬರುವವರನ್ನು ಕೇಳಿ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಎಂಬ ಸೂಚನೆಯನ್ನು ಸ್ಥಳೀಯ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸುತ್ತಾರೆ. ಊರಿನ ಹೋಟೆಲ್ಲಿನಲ್ಲಿ ಕಾಫಿ ಕುಡಿಯುತ್ತಾ ವಿಚಾರಿಸಿದರೆ ಯಾರಾದರೊಬ್ಬರು ಮೊಬೈಲ್ ತೆಗೆದು ತೋರಿಸುತ್ತಾರೆ. ಅರಣ್ಯ ಸಹಾಯವಾಣಿ 1926, ತುರ್ತಿಗೆ 112, ಆಂಬ್ಯುಲೆನ್ಸಿಗೆ 108. ಕೆಲವು ಕಡೆ ಸಿಗ್ನಲ್ ಸಿಗುವುದಿಲ್ಲ, ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಹಾಗಾದರೆ ಎಲ್ಲಿಗೆ ಹೋಗುವುದು? ಎರಡು ದಿನ, ಒಂದು ರಾತ್ರಿ. ಹಾಸನದಿಂದ ಸಾಲಗಾಮೆ ಕಡೆಯಿಂದ ಹಳೇಬೀಡಿಗೆ ಮೂವತ್ತು ಕಿ.ಮೀ. ಚಿಲ್ಲರೆ, ಅಲ್ಲಿಂದ ಬೇಲೂರಿಗೆ ಹದಿನಾರು. ಬೇಲೂರಿನಲ್ಲಿ ರಾತ್ರಿ. ಮರುದಿನ ಹಾಸನಕ್ಕೆ ನಲವತ್ತು ಕಿ.ಮೀ. ಒಳಗೆ. ಬರುವಾಗ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ದೊಡ್ಡಗದ್ದವಳ್ಳಿ, ಕೆರೆಯ ದಂಡೆಯಲ್ಲಿ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಸ್ಥಾನ. ಹಳೇಬೀಡಿನ ಜನಸಂದಣಿ ನೋಡಿ ಬಂದವರಿಗೆ ಅಲ್ಲಿ ಬುತ್ತಿ ಬಿಚ್ಚುವುದೇ ಒಂದು ಸುಖ. ಊರಿನ ಜನಕ್ಕೆ ಇದು ನೋಡಿ ನೋಡಿ ಸಾಕಾದ ದಾರಿ ಅನ್ನಿಸಬಹುದು. ಬಸ್ಸಿನ ಕಿಟಕಿಯಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಎರಡನೇ ದಿನ ಕಾಲು ಚುರುಕಾಗಿದ್ದರೆ ಬೇಲೂರಿನಿಂದ ಚಿಕ್ಕಮಗಳೂರಿಗೆ ಇಪ್ಪತ್ತೈದೇ ಕಿ.ಮೀ., ಅತ್ತ ಹೋಗಿ ಇನ್ನೊಂದು ರಾತ್ರಿ ಉಳಿಯಿರಿ. ಕಾಲು ಮುಷ್ಕರ ಹೂಡಿದರೆ ಈ ದಾರಿಯಲ್ಲಿ ಎಲ್ಲಿ ನಿಂತರೂ ಬಸ್ಸು ಸಿಗುತ್ತದೆ. ಸೈಕಲ್ ಹತ್ತಿಸಿಕೊಳ್ಳುವುದು ಕಂಡಕ್ಟರರ ಮನಸ್ಸು ಮತ್ತು ಆ ಹೊತ್ತಿನ ಜನಸಂದಣಿಗೆ ಸೇರಿದ್ದು. ಮುಂದಿನ ಗಾಲಿ ಬಿಚ್ಚಿ ಸಣ್ಣದು ಮಾಡಿ ಹಿಡಿದು ನಿಂತರೆ ಒಪ್ಪುವ ಸಂಭವ ಹೆಚ್ಚು. ಅದೂ ಆಗದಿದ್ದರೆ ತರಕಾರಿ ಇಳಿಸಿ ಖಾಲಿ ಬರುವ ಪಿಕಪ್ ಇದ್ದೇ ಇರುತ್ತದೆ.

ಟೆಂಟು ಈ ಸಲ ಮನೆಯಲ್ಲೇ ಇರಲಿ. ಅರಣ್ಯದೊಳಗೆ ಅನುಮತಿ ಇಲ್ಲದೆ ಹಾಕುವಂತಿಲ್ಲ, ಕಾಫಿ ತೋಟ ಎಂದರೆ ಯಾರದೋ ಜಮೀನು, ಬಯಲಿನಲ್ಲಿ ಹಾಕೋಣವೆಂದರೆ ಮೇಲೆ ಹೇಳಿದ ಅತಿಥಿ ಬರಬಹುದು. ಟೆಂಟು, ಚಾಪೆ, ಮಲಗುವ ಚೀಲ, ಒಲೆ ನಾಲ್ಕನ್ನೂ ಬಿಟ್ಟರೆ ನಿಮ್ಮ ಹೊರೆ ಅರ್ಧಕ್ಕೆ ಇಳಿಯುತ್ತದೆ. ಬೇಲೂರಿನಲ್ಲಿ ಸಾಧಾರಣ ಲಾಡ್ಜುಗಳಿವೆ. ಫೋನು ಮಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಸೈಕಲ್ಲನ್ನು ರಾತ್ರಿ ಒಳಗೆ ಇಡಬಹುದೇ ಎಂದು. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ಬಾಡಿಗೆಯೂ ಕಡಿಮೆ, ರಸ್ತೆಯೂ ಖಾಲಿ. ಡಿಸೆಂಬರಿನಲ್ಲಿ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಕಡೆ ದತ್ತ ಜಯಂತಿ ಬರುತ್ತದೆ, ಆ ದಿನಗಳಲ್ಲಿ ಪ್ರವಾಸಿಗರಿಗೆ ನಿರ್ಬಂಧ ಹಾಕುವುದು ಮಾಮೂಲು. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಇಡೀ ಬೆಂಗಳೂರು ಇತ್ತ ಬಂದಿರುತ್ತದೆ. ತಿಂಗಳ ಮೊದಲ ವಾರಗಳಲ್ಲಿ, ಪಂಚಾಂಗ ನೋಡಿ, ದಿನ ಇಟ್ಟುಕೊಳ್ಳಿ.

ಈಗ ಸಾಮಾನು. ಸವಾರಿಗೆ ಒಂದು ಜೊತೆ ಬಟ್ಟೆ, ಸಂಜೆಗೆ ಒಣಗಿದ ಇನ್ನೊಂದು ಜೊತೆ, ಒಂದು ಸ್ವೆಟರ್. ಹತ್ತಿಯ ಬನಿಯನ್ ಬೆವರು ಕುಡಿದು ಒಣಗುವುದೇ ಇಲ್ಲ, ಬೆಳಗಿನ ಚಳಿಗೆ ಮೈಗೆ ಅಂಟಿ ನಡುಗಿಸುತ್ತದೆ. ತೂಕದ ವಸ್ತುಗಳು (ಉಪಕರಣ, ಬೀಗ, ನೀರು) ಫ್ರೇಮಿನ ತ್ರಿಕೋನದಲ್ಲಿ, ಆದಷ್ಟು ಕೆಳಗೆ. ಹಗುರವಾದ ಬಟ್ಟೆಗಳು ಸೀಟಿನ ಹಿಂದೆ ಅಥವಾ ಕ್ಯಾರಿಯರಿನ ಮೇಲೆ. ಸೀಟಿನ ಕೆಳಗೆ ನೇತಾಡುವ ಉದ್ದನೆಯ ಬ್ಯಾಗಿನ ಮೇಲೆ ಎಲ್ಲರಿಗೂ ಕಣ್ಣು. ಅದಕ್ಕೆ ಮೊದಲು ಸೀಟಿಗೂ ಹಿಂದಿನ ಟೈರಿಗೂ ನಡುವೆ ಒಂದು ಗೇಣು ಜಾಗ ಇದೆಯೇ ಎಂದು ಕೈಯಿಟ್ಟು ನೋಡಿ. ಕುಳ್ಳಗಿನವರ ಚಿಕ್ಕ ಫ್ರೇಮುಗಳಲ್ಲಿ ಅಷ್ಟು ಇರುವುದಿಲ್ಲ. ಹಂಪಿನ ಮೇಲೆ ಹಾರಿದಾಗಲೆಲ್ಲ ಟೈರು ಬ್ಯಾಗನ್ನು ಉಜ್ಜಿ ತಳ ತೂತಾಗುತ್ತದೆ. ಅಂಥವರಿಗೆ ಕಬ್ಬಿಣದ ಕ್ಯಾರಿಯರೇ ವಾಸಿ. ನೀರು ನುಗ್ಗದಂತೆ ವಿಶೇಷ ಚೀಲ ಬೇಕಾಗಿಲ್ಲ. ಗೊಬ್ಬರದ ಮೂಟೆಯ ಒಳಗೆ ಬರುವ ದಪ್ಪ ಪ್ಲಾಸ್ಟಿಕ್ ಚೀಲವನ್ನು ಚೆನ್ನಾಗಿ ತೊಳೆದು ಒಣಗಿಸಿ, ಬಟ್ಟೆ ತುಂಬಿ, ಬಾಯಿ ಮೂರು ಸುತ್ತು ಮಡಚಿ ಕಟ್ಟಿದರೆ ಜಡಿಮಳೆಗೂ ಜಗ್ಗುವುದಿಲ್ಲ. ಪಟ್ಟಿಗಳ ಉಳಿದ ತುದಿಯನ್ನು ಒಳಗೆ ಸಿಕ್ಕಿಸಿ, ಸಡಿಲ ಬಿಟ್ಟರೆ ಕಡ್ಡಿಗಳಿಗೆ ಸುತ್ತಿಕೊಳ್ಳುತ್ತದೆ.

ಉಪಕರಣಗಳಲ್ಲಿ ಎರಡು ಟ್ಯೂಬು, ಪಂಕ್ಚರ್ ಪಟ್ಟಿ, ಟೈರು ಎಬ್ಬಿಸುವ ಕಡ್ಡಿ, ಕೈಪಂಪು, ಅಲೆನ್ ಕೀಗಳ ಗೊಂಚಲು, ಚೈನಿನ ಒಂದು ಜೋಡಣೆ ಕೊಂಡಿ, ಒಂದು ಜೊತೆ ಬ್ರೇಕ್ ಪ್ಯಾಡ್, ನಾಲ್ಕು ಪ್ಲಾಸ್ಟಿಕ್ ಟೈ, ಸ್ವಲ್ಪ ಎಣ್ಣೆ. ಮುಖ್ಯವಾದದ್ದು ಗಾಳಿಯ ವಾಲ್ವು. ನಿಮ್ಮ ಟ್ಯೂಬಿನದು ಬೈಕಿನ ಹಾಗೆ ದಪ್ಪವಾಗಿದ್ದರೆ ಯಾವ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ತೆಳ್ಳಗಿದ್ದು ತುದಿಯಲ್ಲಿ ಸಣ್ಣ ತಿರುಪು ಇದ್ದರೆ ಅದು ಪ್ರೆಸ್ಟಾ. ಅಂಗಡಿಯವರ ಪೈಪು ಅದಕ್ಕೆ ಕೂರುವುದಿಲ್ಲ. ಉಗುರಿನಷ್ಟು ಚಿಕ್ಕದಾದ ಹಿತ್ತಾಳೆಯ ಅಡಾಪ್ಟರ್ ಬರುತ್ತದೆ, ಬೆಲೆ ತೀರಾ ಕಡಿಮೆ. ಅದನ್ನು ಬ್ಯಾಗಿನಲ್ಲಿ ಹಾಕಿದರೆ ಕಳೆದುಹೋಗುತ್ತದೆ, ವಾಲ್ವಿಗೇ ತಿರುಪಿ ಬಿಡಿ.

ಊಟದ ಚಿಂತೆ ಈ ದಾರಿಯಲ್ಲಿ ಇಲ್ಲ. ಹಸಿವಾಗುವ ಮೊದಲೇ ತಿನ್ನಿ: ಬಾಳೆಹಣ್ಣು, ಚಿಕ್ಕಿ, ಖರ್ಜೂರ. ತಲೆಗೆ ಎರಡು ಲೀಟರ್ ನೀರು, ಎರಡು ಓಆರ್‌ಎಸ್ ಪೊಟ್ಟಣ. ತೊಡೆಸಂದಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹೊರಡಿ, ನಾಚಿಕೆ ಬೇಡ. ಪ್ಯಾಡ್ ಇರುವ ಚಡ್ಡಿಯ ಒಳಗೆ ಇನ್ನೊಂದು ಒಳಚಡ್ಡಿ ಹಾಕಬಾರದು, ಅದರ ಹೊಲಿಗೆಯೇ ಉಜ್ಜುವುದು. ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ, ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಬಹುತೇಕ ನಾಯಿಗಳಿಗೆ ಅಲ್ಲಿಗೆ ಆಸಕ್ತಿ ಹೋಗುತ್ತದೆ. ಒಂದು ವೇಳೆ ದಿನ ಮುಂದೂಡಿ ಜೂನಿನ ನಂತರ ಹೊರಡುವ ಯೋಚನೆ ಬಂದರೆ ಆಗ ಬೇರೆ ಬರೆಯುತ್ತೇನೆ. ಇಂಬಳ, ಜಾರುವ ಪಾಚಿ, ಒಂದೇ ಇಳಿಜಾರಿಗೆ ಸವೆದುಹೋಗುವ ಬ್ರೇಕ್ ಪ್ಯಾಡು, ಅದರ ಕಥೆಯೇ ಬೇರೆ.

ಹೊರಡುವ ಹಿಂದಿನ ಭಾನುವಾರ ಮನೆಯಲ್ಲಿರುವ ಹಳೆಯ ಬ್ಯಾಗುಗಳನ್ನೇ ಕಟ್ಟಿ, ತೆಗೆದುಕೊಂಡು ಹೋಗಬೇಕಾದ ಎಲ್ಲ ಸಾಮಾನನ್ನೂ ತುಂಬಿ, ಇಬ್ಬರೂ ಗೊರೂರಿಗೆ ಹೋಗಿ ಬನ್ನಿ. ಶೆಟ್ಟಿಹಳ್ಳಿಯ ಪಾಳು ಚರ್ಚನ್ನೂ ನೋಡಿದಂತಾಯಿತು. ಬಂದ ಮೇಲೆ ಕ್ಯಾರಿಯರಿನ ತಿರುಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಒಂದೆರಡು ಸಡಿಲವಾಗಿಯೇ ಇರುತ್ತವೆ. ಯಾವುದು ಸಡಿಲವಾಯಿತು, ಯಾವ ಸಾಮಾನನ್ನು ಮುಟ್ಟಲೇ ಇಲ್ಲ, ಎರಡೂ ಸೈಕಲ್ಲುಗಳ ಹಲ್ಲಿನ ಲೆಕ್ಕ ಎಷ್ಟು ಎಂದು ಫೋಟೊ ಸಮೇತ ಇಲ್ಲಿ ಹಾಕಿ. ಎಷ್ಟು ಲೀಟರಿನ ಬ್ಯಾಗು ಬೇಕು ಎಂದು ಆಗ ಹೇಳುತ್ತೇನೆ.