ಹತ್ತು ಪಡೆಗಳ ಬಗ್ಗೆ ಬರೆದವರಿಗೆ

ಆತ್ಮೀಯರೇ,

‘ಜಗತ್ತು ಮೆಚ್ಚಿದ ಹತ್ತು ಸೇನಾ ಪಡೆಗಳು’ ಎಂಬ ನಿಮ್ಮ ಬರಹವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ‘ಆಯ್ಕೆಯಾಗಿಲ್ಲ’ ಎಂಬ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಈ ವಿಷಯದ ಮೇಲೆ ನಿಮಗೆ ನಿಜವಾದ ಪ್ರೀತಿಯಿದೆ. ಅದು ಪುಟಪುಟದಲ್ಲೂ ಕಾಣುತ್ತದೆ. ಆ ಪ್ರೀತಿ ಇರುವುದರಿಂದಲೇ ಈ ಪತ್ರ ಉದ್ದವಾಗಲಿದೆ.

ಭಾಷೆಯ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಹಳೆಯ ಗ್ರೀಸಿನ ಸ್ಪಾರ್ಟಾದವನೂ ಸಿಂಹ, ಗೂರ್ಖಾ ಸೈನಿಕನೂ ಸಿಂಹ, ಕುಮಾವೂ ಯೋಧನೂ ಸಿಂಹ. ಹದಿನಾಲ್ಕು ಕಡೆ ಈ ಪದಕ್ಕೆ ಗೆರೆ ಎಳೆದಿದ್ದೇನೆ. ಎಲ್ಲರಿಗೂ ಒಂದೇ ಮುಖವಾಡ ತೊಡಿಸಿದ ಮೇಲೆ ಯಾರ ಮುಖವೂ ಓದುಗನ ಕಣ್ಣಿಗೆ ಬೀಳುವುದಿಲ್ಲ. ಇದನ್ನು ತಿದ್ದುವುದು ಕಷ್ಟವಲ್ಲ, ಒಂದು ಪೆನ್ಸಿಲ್ ಸಾಕು. ನನ್ನನ್ನು ಕಾಡಿದ್ದು ಬೇರೆ: ಪ್ರತಿಯೊಂದು ಪಡೆಯನ್ನು ಹೊಗಳುವ ಭರದಲ್ಲಿ ನೀವು ಅಲ್ಲಿ ನಿಜವಾಗಿ ಇದ್ದವರನ್ನೇ ಬಿಟ್ಟುಬಿಟ್ಟಿದ್ದೀರಿ.

ಗ್ರೀಕರು ಪರ್ಷಿಯನ್ನರನ್ನು ತಡೆದು ನಿಂತ ಥರ್ಮೊಪಿಲೆ ಕಣಿವೆಯನ್ನೇ ನೋಡಿ. ‘ಕೇವಲ ಮುನ್ನೂರು ಮಂದಿ’ ಎಂದು ಮೂರು ಬಾರಿ ಬರೆದಿದ್ದೀರಿ. ಕ್ರಿ.ಪೂ. 480ರಲ್ಲಿ ಆ ಇಕ್ಕಟ್ಟಿನ ದಾರಿಯನ್ನು ಕಾಯಲು ಸೇರಿದ್ದ ಗ್ರೀಕರು ಕೆಲವು ಸಾವಿರ. ಪರ್ಷಿಯನ್ನರು ಬೆಟ್ಟದ ಹಿಂಬದಿಯ ಕಾಲುದಾರಿ ಹಿಡಿದಿದ್ದಾರೆಂದು ತಿಳಿದಾಗ ಬಹುಪಾಲು ಜನ ಹಿಂದಿರುಗಿದರು. ಸ್ಪಾರ್ಟಾದ ದೊರೆ ಲಿಯೊನಿಡಾಸನ ಮುನ್ನೂರು ಮಂದಿಯ ಜೊತೆ ಕೊನೆಯ ಬೆಳಗಿಗೆ ಉಳಿದವರಲ್ಲಿ ಥೆಸ್ಪಿಯೆ ಎಂಬ ಸಣ್ಣ ಊರಿನ 700 ಮಂದಿ ಇದ್ದರು. ಅವರ ನಾಯಕನ ಹೆಸರು ಡೆಮೊಫಿಲಸ್. ಸ್ಪಾರ್ಟಾದ ಹುಡುಗರು ಏಳನೆಯ ವಯಸ್ಸಿನಿಂದಲೇ ಯುದ್ಧಕ್ಕಾಗಿ ಬೆಳೆದವರು. ಥೆಸ್ಪಿಯೆಯವರು ಅಂಥ ತರಬೇತಿ ಪಡೆದವರಲ್ಲ. ಆದರೂ ಹೋಗುವುದಿಲ್ಲ ಎಂದು ತಾವೇ ನಿಂತರು, ನಿಂತಲ್ಲೇ ಸತ್ತರು. ಆಮೇಲೆ ಅವರ ಊರನ್ನು ಪರ್ಷಿಯಾದ ದೊರೆ ಕ್ಸೆರ್ಕ್ಸಿಸನ ಸೈನ್ಯ ಸುಟ್ಟಿತು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇದನ್ನೆಲ್ಲ ಬರೆದಿಟ್ಟಿದ್ದರೂ ಆ ಸ್ಥಳದಲ್ಲಿ ಅವರಿಗೊಂದು ಸ್ಮಾರಕ ಎದ್ದದ್ದು 1997ರಲ್ಲಿ. ಎರಡೂವರೆ ಸಾವಿರ ವರ್ಷ ಜಗತ್ತು ಮಾಡಿಕೊಂಡು ಬಂದ ಮರೆವನ್ನು ನೀವೂ ಮುಂದುವರಿಸಬೇಡಿ ಎಂಬುದು ನನ್ನ ಕಳಕಳಿ.

ಚೀನಾ ಯುದ್ಧದಲ್ಲಿ ಲಡಾಖಿನ ರೆಜಾಂಗ್ ಲಾ ಕಣಿವೆಯಲ್ಲಿ ನಡೆದ ಕಾಳಗದ ಭಾಗ ನಿಮ್ಮ ಬರಹದಲ್ಲೇ ಒಳ್ಳೆಯದು. ದಿನಾಂಕ ಸರಿಯಿದೆ, 1962ರ ನವೆಂಬರ್ 18. ಪಡೆಯ ಹೆಸರು ಸರಿಯಿದೆ, 13 ಕುಮಾವೂ ಬೆಟಾಲಿಯನ್ನಿನ ಚಾರ್ಲಿ ಕಂಪನಿ. ಮೇಜರ್ ಶೈತಾನ್ ಸಿಂಗ್ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಬಂದದ್ದನ್ನೂ ಬರೆದಿದ್ದೀರಿ. ಆದರೆ ‘ಕೊನೆಯ ಗುಂಡು, ಕೊನೆಯ ಉಸಿರು’ ಎಂದು ಹೇಳಿ ಅಷ್ಟಕ್ಕೇ ಮುಗಿಸಿದ್ದೀರಿ. ಹದಿನಾರು ಸಾವಿರ ಅಡಿಗೂ ಎತ್ತರದ ಆ ಜಾಗಕ್ಕೆ ನಮ್ಮ ಫಿರಂಗಿಗಳ ನೆರವು ಏಕೆ ಸಿಗಲಿಲ್ಲ? ನಡುವೆ ಗುಡ್ಡ ಅಡ್ಡವಿತ್ತು. ಫಿರಂಗಿಗಳ ಗುಂಡು ಆ ಕಡೆ ತಲುಪುವಂತಿರಲಿಲ್ಲ. ಈ ಒಂದು ಸಂಗತಿ ತಿಳಿದರೆ ಸಾಕು, ಆ ರಾತ್ರಿ ಅವರು ಎಷ್ಟು ಒಂಟಿಯಾಗಿದ್ದರೆಂದು ಓದುಗನಿಗೆ ತಾನಾಗಿಯೇ ಹೊಳೆಯುತ್ತದೆ. ಸುಮಾರು 120 ಮಂದಿಯ ಕಂಪನಿಯಲ್ಲಿ ಸತ್ತವರು 110ಕ್ಕೂ ಹೆಚ್ಚು. ಬದುಕಿ ಬಂದ ಕೆಲವರು ನಡೆದದ್ದನ್ನು ಹೇಳಿದಾಗ ಮೊದಮೊದಲು ಅವರ ಮಾತನ್ನು ನಂಬದವರೂ ಇದ್ದರು. ಚಳಿಗಾಲ ಕಳೆಯುವ ಹೊತ್ತಿಗೆ, 1963ರ ಆರಂಭದಲ್ಲಿ, ಹಿಮದಲ್ಲಿ ಶವಗಳು ಸಿಕ್ಕವು. ಬಂದೂಕು ಹಿಡಿದ ಕೈಗಳು ಹಿಡಿದಂತೆಯೇ ಹೆಪ್ಪುಗಟ್ಟಿದ್ದವು. ಶುಶ್ರೂಷೆಗೆಂದು ಕಂಪನಿಯ ಜೊತೆಗಿದ್ದ ನರ್ಸಿಂಗ್ ಸಹಾಯಕನ ಕೈಯಲ್ಲಿ ಮಾತ್ರ ಸಿರಿಂಜ್ ಮತ್ತು ಬ್ಯಾಂಡೇಜ್ ಇದ್ದವು.

ಆ ಸಿರಿಂಜನ್ನು ಒಂದು ಕ್ಷಣ ಮನಸ್ಸಿಗೆ ತಂದುಕೊಳ್ಳಿ. ಸುತ್ತಲೂ ಗುಂಡು ಹಾರುತ್ತಿರುವಾಗ, ಬೆರಳು ಮರಗಟ್ಟುವ ಚಳಿಯಲ್ಲಿ, ಇನ್ನೊಬ್ಬನ ಗಾಯ ಕಟ್ಟಲು ಕೂತವನು ಆತ. ನಿಮ್ಮ ಆರು ವಿಶೇಷಣಗಳನ್ನು ತೆಗೆದು ಈ ಒಂದು ಸಾಲು ಇಟ್ಟರೆ ಓದುಗ ಪುಟ ತಿರುಗಿಸಲು ತಡಮಾಡುತ್ತಾನೆ.

ಎಂಟನೆಯ ಪಡೆಯ ಬಗ್ಗೆ ಮಾತು ಮೃದು ಮಾಡುವುದಿಲ್ಲ. ಹಿಟ್ಲರನ ನಾಜಿ ಪಕ್ಷದ ಸಶಸ್ತ್ರ ದಳವಾದ ಎಸ್‌ಎಸ್‌ನ ಟ್ಯಾಂಕ್ ಪಡೆ ‘ದಾಸ್ ರೈಷ್’ ಅನ್ನು ‘ಶಿಸ್ತಿಗೆ ಮಾದರಿ’ ಎಂದು ಪಟ್ಟಿಗೆ ಸೇರಿಸಿದ್ದೀರಿ. 1944ರ ಜೂನ್ 10ರಂದು ಇದೇ ಪಡೆಯ ಸೈನಿಕರು ಫ್ರಾನ್ಸಿನ ಒರದೂರ್ ಎಂಬ ಹಳ್ಳಿಗೆ ನುಗ್ಗಿದರು. ಗಂಡಸರನ್ನು ಕೊಟ್ಟಿಗೆಗಳಲ್ಲಿ ಗುಂಡಿಟ್ಟು ಕೊಂದರು, ಹೆಂಗಸರನ್ನೂ ಮಕ್ಕಳನ್ನೂ ಚರ್ಚಿನೊಳಗೆ ಕೂಡಿಹಾಕಿ ಬೆಂಕಿ ಹಚ್ಚಿದರು. ಸತ್ತವರು 640ಕ್ಕೂ ಹೆಚ್ಚು. ಸುಟ್ಟ ಆ ಹಳ್ಳಿಯನ್ನು ಇಂದಿಗೂ ಹಾಗೆಯೇ ಉಳಿಸಿಕೊಂಡಿದ್ದಾರೆ. ನೀವು ದುರುದ್ದೇಶದಿಂದ ಬರೆದಿಲ್ಲ, ಟ್ಯಾಂಕುಗಳ ಲೆಕ್ಕವನ್ನು ಮಾತ್ರ ಓದಿ ಬರೆದಿದ್ದೀರಿ ಎಂದು ನನಗೆ ಗೊತ್ತು. ಆದರೂ ಈ ಭಾಗ ನಮ್ಮ ಪತ್ರಿಕೆಯಲ್ಲಿ ಬರುವುದಿಲ್ಲ, ಬೇರೆಲ್ಲಿಗೂ ಕಳಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅಮೆರಿಕದ 442ನೆಯ ರೆಜಿಮೆಂಟ್ ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಜಪಾನಿ ಮೂಲದ ಆ ಅಮೆರಿಕನ್ ಹುಡುಗರಲ್ಲಿ ಅನೇಕರ ತಂದೆತಾಯಿಯನ್ನು ಅವರದೇ ಸರ್ಕಾರ ಮುಳ್ಳುತಂತಿಯ ಶಿಬಿರಗಳಲ್ಲಿ ಇಟ್ಟಿದ್ದಾಗ ಅವರು ಆ ಸರ್ಕಾರದ ಸಮವಸ್ತ್ರ ತೊಟ್ಟು ಯುರೋಪಿನಲ್ಲಿ ಕಾದಿದರು. ಮೆಚ್ಚಬೇಕಾದ ಪಡೆ ಎಂದರೆ ನನಗೆ ಅಂಥದ್ದು.

ಈಗ ನಿಮ್ಮ ಏಳನೆಯ ಪಡೆಗೆ ಬರುತ್ತೇನೆ. ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಈಟಿ ಸವಾರರ ಪಡೆ. ನೀವು ಕೊಟ್ಟಿರುವುದು ಒಂದೇ ಪ್ಯಾರಾ, ಅದರಲ್ಲಿ ಮೂರು ತಪ್ಪು.

‘ಇತಿಹಾಸದ ಕಟ್ಟಕಡೆಯ ಅಶ್ವದಾಳಿ’ ಎಂದಿದ್ದೀರಿ. ಮೊದಲ ಮಹಾಯುದ್ಧದಲ್ಲಿ ತುರ್ಕರ ಕೈಯಲ್ಲಿದ್ದ, ಇಂದು ಇಸ್ರೇಲಿನಲ್ಲಿರುವ ಬಂದರು ಹೈಫಾದ ಮೇಲೆ ಬ್ರಿಟಿಷರ ಕಡೆಯ ಸವಾರರು ಮಾಡಿದ ಈ ದಾಳಿ 1918ರ ಸೆಪ್ಟೆಂಬರ್ 23ರದು. ಅದಾದ ಎಷ್ಟೋ ವರ್ಷಗಳ ಮೇಲೆ, 1942ರ ಆಗಸ್ಟಿನಲ್ಲಿ, ಇಟಲಿಯ ಸವಾರರು ರಷ್ಯಾದ ಡಾನ್ ನದಿಯ ಬಳಿ ಕತ್ತಿ ಹಿರಿದು ಕುದುರೆ ಓಡಿಸಿದ್ದಾರೆ. ಎರಡನೆಯದು, ‘ಮೂರು ಸಂಸ್ಥಾನಗಳ ಸವಾರರು ಹೈಫಾಕ್ಕೆ ನುಗ್ಗಿದರು’ ಎಂಬ ಮಾತು. ಹದಿನೈದನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನಲ್ಲಿ ಜೋಧಪುರ, ಮೈಸೂರು, ಹೈದರಾಬಾದ್ ಮೂರೂ ಇದ್ದವು, ನಿಜ. ದೆಹಲಿಯ ತೀನ್ ಮೂರ್ತಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಕಂಚಿನ ಯೋಧರು ಈ ಮೂರು ಸಂಸ್ಥಾನಗಳವರೇ. ಆದರೆ ಆ ದಿನದ ದಾಳಿಯಲ್ಲಿ ಹೈದರಾಬಾದಿನವರು ಇರಲಿಲ್ಲ, ಬ್ರಿಗೇಡಿನ ಬೇರೆ ಕೆಲಸಕ್ಕೆ ಹೋಗಿದ್ದರು. ಇದನ್ನು ಬರೆದರೆ ಅವರಿಗೆ ಅವಮಾನವಾಗುವುದಿಲ್ಲ. ಯಾರು ಎಲ್ಲಿದ್ದರೆಂದು ಸರಿಯಾಗಿ ಹೇಳುವುದೂ ಗೌರವವೇ.

ಮೂರನೆಯದು ದೊಡ್ಡದು. ‘ಬರೀ ಈಟಿ ಹಿಡಿದು ಮಷಿನ್‌ಗನ್ನುಗಳಿಗೆ ಎದೆಯೊಡ್ಡಿದರು’ ಎಂದು ಬರೆದಿದ್ದೀರಿ. ಓದಲು ಚೆನ್ನಾಗಿದೆ. ಆದರೆ ನಿಜವಾಗಿ ನಡೆದದ್ದು ಇದಕ್ಕಿಂತ ಚೆನ್ನಾಗಿದೆ. ಹಿಂದಿನ ದಿನ ಬ್ರಿಟಿಷರ ಕವಚದ ಮೋಟಾರುಗಳು ಹೈಫಾದತ್ತ ಹೋಗಿ ಫಿರಂಗಿ ಏಟು ತಾಳಲಾರದೆ ಹಿಂದಿರುಗಿದ್ದವು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು, ನಡುವೆ ಇಕ್ಕಟ್ಟಾದ ದಾರಿ. ಮೇಲೆ ಬೆಟ್ಟದಲ್ಲಿ ಫಿರಂಗಿಗಳು. ಅವು ಸದ್ದಡಗದೆ ಕೆಳಗಿನ ದಾರಿಯಲ್ಲಿ ಯಾರೂ ಹೋಗುವಂತಿಲ್ಲ. ಹಾಗಾಗಿ ಮೈಸೂರಿನ ಸವಾರರ ಒಂದು ತುಕಡಿಯನ್ನು ಬೆಟ್ಟಕ್ಕೆ ಹತ್ತಿಸಿದರು, ಅವರ ಬೆಂಬಲಕ್ಕೆ ಇಂಗ್ಲೆಂಡಿನ ಶರ್‌ವುಡ್ ರೇಂಜರ್ಸ್ ತುಕಡಿಯೊಂದು ಹೋಯಿತು. ಕಲ್ಲುಗುಡ್ಡದ ಕಡಿದಾದ ದಾರಿ. ಹತ್ತುವಷ್ಟರಲ್ಲೇ ಕುದುರೆಗಳು ಸೋತು ಕುಂಟಿದವು. ಕೊನೆಗೆ ಫಿರಂಗಿಗಳ ಮೇಲೆ ಬೀಳಲು ಉಳಿದ ಸವಾರರು ಬೆರಳೆಣಿಕೆಯಷ್ಟು ಮಂದಿ. ಆದರೂ ಬಿದ್ದರು, ಫಿರಂಗಿ ಹಿಡಿದರು. ಕೆಳಗೆ ಮೈಸೂರಿನ ಉಳಿದ ಸವಾರರೂ ಮಷಿನ್‌ಗನ್ನಿನವರೂ ಒಂದು ಫಿರಂಗಿ ದಳವೂ ಗುಂಡಿನ ಆಸರೆ ಕೊಟ್ಟಾಗ ಜೋಧಪುರದವರು ಮಧ್ಯಾಹ್ನ ಎರಡರ ಸುಮಾರಿಗೆ ಮುನ್ನುಗ್ಗಿದರು. ನದಿ ದಾಟಲು ಹೊರಟ ಕುದುರೆಗಳು ಹೂಳಿನಲ್ಲಿ ಸಿಕ್ಕಿಬಿದ್ದವು. ಗುಂಡಿನ ಮಳೆಯಲ್ಲೇ ಎಡಕ್ಕೆ ಹೊರಳಿ ಬೆಟ್ಟದ ಬುಡದ ಮಷಿನ್‌ಗನ್ನುಗಳ ಮೇಲೆ ಬಿದ್ದರು. ಅವರ ಮೇಜರ್ ದಳಪತ್ ಸಿಂಗ್ ಆ ದಾಳಿಯಲ್ಲಿ ಪ್ರಾಣಕೊಟ್ಟರು. ದಾರಿ ತೆರೆಯಿತು. ಹಿಂದೆಯೇ ಮೈಸೂರಿನವರು ಊರಿಗೆ ನುಗ್ಗಿದರು. ಸೆರೆ ಸಿಕ್ಕವರು 1,350 ಮಂದಿ, ಜೊತೆಗೆ 17 ಫಿರಂಗಿ, 11 ಮಷಿನ್‌ಗನ್.

ಇದರಲ್ಲಿ ಯೋಜನೆಯಿದೆ, ಕಾಯುವಿಕೆಯಿದೆ, ಒಬ್ಬರ ಬೆನ್ನಿಗೆ ಇನ್ನೊಬ್ಬರಿದ್ದಾರೆ. ಹೂಳಿನ ಅಂಚಿನಲ್ಲಿ ಕುದುರೆ ಹೊರಳಿಸುವ ಆ ಒಂದು ನಿರ್ಧಾರವಿದೆ. ‘ಬರೀ ಈಟಿ’ ಎಂದ ಕೂಡಲೇ ಇವೆಲ್ಲ ಅಳಿಸಿಹೋಗಿ ಕುರುಡು ಆವೇಶ ಮಾತ್ರ ಉಳಿಯುತ್ತದೆ. ಅವರು ಅದಕ್ಕಿಂತ ಜಾಣರಾಗಿದ್ದರು.

ಇನ್ನೊಂದು ಲೆಕ್ಕ. ಆ ದಿನ ಸತ್ತ ಸವಾರರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಈ ಎರಡನೆಯ ಲೆಕ್ಕ ನಿಮ್ಮ ಬರಹದಲ್ಲಿ ಇಲ್ಲ.

ನಮ್ಮ ಹಿರಿಯರು ಇದನ್ನು ಬಿಡುತ್ತಿರಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿದೆ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ದೊರೆ ಬೂತುಗ ಏನು ಬೇಕೋ ಕೇಳು ಎಂದಾಗ ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಂಡ್ಯ ಸೀಮೆಯ ಆತಕೂರಿನಲ್ಲಿ ಅದಕ್ಕೊಂದು ಕಲ್ಲು ನಿಲ್ಲಿಸಿದರು. ಕ್ರಿ.ಶ. 950ರ ಸುಮಾರಿನ ಮಾತು. ಚಕ್ರವರ್ತಿಗಳ ಕಾಳಗದ ಸುದ್ದಿಯೂ ನಾಯಿಯ ಸಾವೂ ಒಂದೇ ಕಲ್ಲಿನ ಮೇಲಿವೆ. ನಾನು ಮೊದಲ ಸಲ ಅದರ ಮುಂದೆ ನಿಂತಾಗ ಹಂದಿಯ ಮೇಲೆ ಎಗರಿದ ಆ ಪುಟ್ಟ ನಾಯಿಯ ಕೆತ್ತನೆಯಿಂದ ಕಣ್ಣು ಕೀಳಲು ಆಗಲಿಲ್ಲ. ನಮ್ಮ ಊರೂರ ವೀರಗಲ್ಲುಗಳು ಯಾವ ವೀರನಿಗೂ ಏಳನೆಯ ಸ್ಥಾನ, ಎಂಟನೆಯ ಸ್ಥಾನ ಕೊಟ್ಟಿಲ್ಲ. ಇಂಥವನ ಮಗ ಇಂಥವನು, ಇಂಥ ಊರಿನ ತುರುಗಳನ್ನು ಬಿಡಿಸಿ ಸತ್ತ ಎನ್ನುತ್ತವೆ.

ನನ್ನ ಸೋದರಮಾವ ಸೇನೆಯಲ್ಲಿ ಲಾರಿ ಚಾಲಕರಾಗಿದ್ದರು. ರಜೆಗೆ ಬಂದಾಗ ನಾವು ಮಕ್ಕಳು ಯುದ್ಧದ ಕಥೆ ಹೇಳಿ ಎಂದು ಪೀಡಿಸುತ್ತಿದ್ದೆವು. ಅವರು ಹೇಳುತ್ತಿದ್ದದ್ದು ಎಂಜಿನ್ ಹೆಪ್ಪುಗಟ್ಟದಂತೆ ರಾತ್ರಿಯಿಡೀ ಎದ್ದೆದ್ದು ಲಾರಿ ಚಾಲೂ ಮಾಡುತ್ತಿದ್ದ ಬಗೆ, ಒದ್ದೆ ಕಾಲುಚೀಲವನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಒಣಗಿಸುತ್ತಿದ್ದ ಬಗೆ. ಆಗ ನಮಗೆ ನಿರಾಸೆಯಾಗುತ್ತಿತ್ತು. ಈಗ ಸೇನೆಯ ಬಗ್ಗೆ ಯಾವ ಬರಹ ಬಂದರೂ ನಾನು ಮೊದಲು ಹುಡುಕುವುದು ಆ ಕಾಲುಚೀಲವನ್ನು.

ಇಷ್ಟು ಮಾಡಿ. ಹತ್ತರಲ್ಲಿ ಒಂಬತ್ತನ್ನು ತೆಗೆದಿಡಿ. ಹೈಫಾ ಒಂದನ್ನೇ ಬರೆಯಿರಿ. ನಿಮ್ಮ ವಿಳಾಸ ಬೆಂಗಳೂರಿನದು, ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ. ಕಲ್ಲಿನಲ್ಲಿ ಕೆತ್ತಿದ್ದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಬರಬೇಡಿ, ನಿಂತು ಓದಿ, ಹೆಸರುಗಳನ್ನು ಕೈಯಲ್ಲಿ ಬರೆದುಕೊಳ್ಳಿ. ನಾಲ್ವಡಿಯವರ ಕಾಲದ ಮೈಸೂರಿನಿಂದ 1914ರಲ್ಲಿ ಈಜಿಪ್ಟಿಗೆ ಹೋದ ಈ ಪಡೆ ಮೊದಲು ಸೂಯೆಜ್ ಕಾಲುವೆ ಕಾಯಿತು, ಹೈಫಾ ಬಂದದ್ದು ನಾಲ್ಕು ವರ್ಷಗಳ ಮೇಲೆ. ಆ ನಾಲ್ಕು ವರ್ಷ ಮರಳುಗಾಡಿನಲ್ಲಿ ಕುದುರೆಗಳಿಗೆ ನೀರು ಎಲ್ಲಿಂದ ಬರುತ್ತಿತ್ತು, ಲಾಳ ಯಾರು ಕಟ್ಟುತ್ತಿದ್ದರು, ಸತ್ತವನ ಸುದ್ದಿ ಮನೆಗೆ ಹೇಗೆ ಮುಟ್ಟುತ್ತಿತ್ತು ಎಂದು ಹುಡುಕಿ. ಪಡೆ ಮುಂದೆ ಏನಾಯಿತು ಎಂಬುದನ್ನೂ ಎರಡು ಸಾಲಿನಲ್ಲಿ ಹೇಳಿ: ಸ್ವಾತಂತ್ರ್ಯದ ಮೇಲೆ ಬೇರೆ ಸಂಸ್ಥಾನಗಳ ಸವಾರರ ಜೊತೆ ಸೇರಿ 1953ರಲ್ಲಿ 61ನೆಯ ಅಶ್ವದಳವಾಯಿತು, ಅದರ ಕುದುರೆಗಳು ಇಂದಿಗೂ ಗಣರಾಜ್ಯೋತ್ಸವದ ದಿನ ದೆಹಲಿಯಲ್ಲಿ ಹೆಜ್ಜೆ ಹಾಕುತ್ತವೆ.

ಸಾವಿರದ ಎಂಟುನೂರು ಪದ ಮೀರದಿರಲಿ. ಸೆಪ್ಟೆಂಬರ್ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ತೆಗೆದಿರಿಸಿದ್ದೇನೆ, ಜುಲೈ ಕೊನೆಯೊಳಗೆ ತಲುಪಿಸಿ. ಬರೆಯುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಕಚೇರಿಗೆ ಬನ್ನಿ, ಕೂತು ಮಾತನಾಡೋಣ.

ನಿಮ್ಮ,
ಸಂಪಾದಕ