ತಂದೆಯ ಉದ್ಯೋಗ: ಫಾರ್ಮಿನಲ್ಲಿ ಬರೆದ ಸುಳ್ಳು

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವುಗಳ ಕಡೆ ಮನಸ್ಸೇ ಹೋಗಲಿಲ್ಲ. ಬರೆದವರಿಗೆ 38 ವರ್ಷ. ಕಂಪನಿಯೊಂದರಲ್ಲಿ ದೊಡ್ಡ ಜವಾಬ್ದಾರಿಯ ಹುದ್ದೆ. ಮದುವೆಯಾದಾಗ ಗಂಡ ಹೆಂಡತಿ ಇಬ್ಬರ ಸಂಬಳವೂ ಹೆಚ್ಚುಕಡಿಮೆ ಒಂದೇ ಇತ್ತು. ಮಗಳಿಗೆ ಮೂರು ವರ್ಷವಾಗಿದ್ದಾಗ ಇವರಿಗೆ ಬಡ್ತಿ ಬಂತು, ಓಡಾಟ ಹೆಚ್ಚಾಯಿತು. ಇಬ್ಬರೂ ಕೂತು ಮಾತಾಡಿ, ಗಂಡ ಕೆಲಸ ಬಿಟ್ಟು ಮನೆ ಮತ್ತು ಮಗುವನ್ನು ನೋಡಿಕೊಳ್ಳುವುದೆಂದು ತೀರ್ಮಾನಿಸಿದರು. ಈಗ ಮಗಳಿಗೆ ಏಳು. "ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಆದರೂ ಇವರನ್ನು ನೋಡಿದರೆ ಸಿಟ್ಟು ಬರುತ್ತದೆ. ಇವರೂ ಮಾತು ಕಡಿಮೆ ಮಾಡಿದ್ದಾರೆ, ನೆಂಟರ ಮನೆಗಳಿಗೆ ಬರುವುದನ್ನು ನಿಲ್ಲಿಸಿದ್ದಾರೆ. ಮತ್ತೆ ಕೆಲಸಕ್ಕೆ ಹೋಗಲು ಇವರನ್ನು ಹೇಗೆ ಒಪ್ಪಿಸಲಿ?" ಎಂದು ಕೇಳಿದ್ದಾರೆ.

ಪ್ರಶ್ನೆಗೆ ಆಮೇಲೆ ಬರುತ್ತೇನೆ. ಪತ್ರದ ಕೊನೆಯ ಹೊತ್ತಿಗೆ, ಬೇರೇನೋ ಹೇಳುತ್ತಾ, ನೀವು ಒಂದು ಸಂಗತಿಯನ್ನು ಸುಮ್ಮನೆ ದಾಟಿಸಿಬಿಟ್ಟಿದ್ದೀರಿ. ಮಗಳ ಶಾಲೆಯ ಫಾರ್ಮ್ ತುಂಬುವಾಗ 'ತಂದೆಯ ಉದ್ಯೋಗ' ಎಂದಿದ್ದ ಕಡೆ ನೀವೇ 'ಸ್ವಂತ ವ್ಯವಹಾರ' ಎಂದು ಬರೆದಿರಿ. ಅವರು ಓದಿದರು, ಏನೂ ಅನ್ನದೆ ಕೆಳಗೆ ಸಹಿ ಹಾಕಿದರು. ಕೆಲವು ದಿನಗಳ ಮೇಲೆ ಮಗಳು ಬಂದು "ಅಪ್ಪಾ, ನಿನ್ನ ಆಫೀಸ್ ಎಲ್ಲಿದೆ?" ಎಂದು ಕೇಳಿದಳು. "ಎಲ್ಲರೂ ನಕ್ಕುಬಿಟ್ಟೆವು" ಎಂದು ಬರೆದಿದ್ದೀರಿ. ನನಗೆ ನಗು ಬರಲಿಲ್ಲ. ನಿಮ್ಮ ಯಜಮಾನರಿಗೂ ಬಂದಿರಲಾರದು.

ಆ ಫಾರ್ಮನ್ನು ನೆಂಟರು ಕೇಳಿರಲಿಲ್ಲ, ಅಕ್ಕಪಕ್ಕದವರು ಕೇಳಿರಲಿಲ್ಲ. ಅದು ಯಾವುದೋ ಕಡತದಲ್ಲಿ ಸೇರಿಹೋಗುವ ಕಾಗದ. ಅಲ್ಲೂ ನಿಜ ಬರೆಯಲು ನಿಮ್ಮ ಕೈ ಬರಲಿಲ್ಲ ಅಂದರೆ, ನಾಚಿಕೆ ಎಷ್ಟು ಆಳಕ್ಕೆ ಇಳಿದಿದೆ ನೋಡಿ.

ಹೀಗೆ ಮಾಡಿದವರು ನೀವೊಬ್ಬರೇ ಅಲ್ಲ. ಅಮೆರಿಕದ ಜನಗಣತಿ ಸಂಸ್ಥೆಯ ಇಬ್ಬರು ಸಂಶೋಧಕರು 2018ರಲ್ಲಿ ಒಂದು ಕೆಲಸ ಮಾಡಿದರು. ಸಮೀಕ್ಷೆಯಲ್ಲಿ ದಂಪತಿಗಳು ಹೇಳಿದ ಆದಾಯವನ್ನು ತೆರಿಗೆ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದರು. ಹೆಂಡತಿಯ ದುಡಿಮೆಯೇ ಹೆಚ್ಚಿರುವ ಮನೆಗಳಲ್ಲಿ, ಉಳಿದ ಮನೆಗಳಿಗಿಂತ, ಗಂಡನ ಆದಾಯವನ್ನು ಶೇಕಡಾ 2.9ರಷ್ಟು ಏರಿಸಿ, ಹೆಂಡತಿಯದನ್ನು ಶೇಕಡಾ 1.5ರಷ್ಟು ಇಳಿಸಿ ಹೇಳಿದ್ದರು. ಹಾಗೆ ಹೇಳಿದ್ದಕ್ಕೆ ಯಾರಿಗೂ ನಯಾಪೈಸೆ ಲಾಭವಿರಲಿಲ್ಲ. ಆ ಉತ್ತರಗಳನ್ನು ಗುಟ್ಟಾಗಿಡುವ ನಿಯಮವೂ ಇತ್ತು. ಆದರೂ ಅಲ್ಲಿಯ ದಂಪತಿಗಳು ನಿಮ್ಮ ಹಾಗೆಯೇ ತಿದ್ದಿ ಹೇಳಿದರು.

ಈಗ ನಿಮ್ಮ ಸಿಟ್ಟಿನ ವಿಚಾರ. ಸಂಜೆ ಮನೆಗೆ ಬಂದವರೇ, ಅವರು ಒರೆಸಿಟ್ಟ ಅಡುಗೆಕಟ್ಟೆಯನ್ನು ಮತ್ತೊಮ್ಮೆ ಒರೆಸುತ್ತೀರಿ. ಅವರು ಮಡಚಿಟ್ಟ ಬಟ್ಟೆಯನ್ನು ಬಿಚ್ಚಿ ಮಡಚುತ್ತೀರಿ. "ಅವರು ಮಾಡಿದ್ದು ಸರಿ ಇರುವುದಿಲ್ಲ ಅಂತಲ್ಲ, ಮಾಡದಿದ್ದರೆ ನನಗೆ ಸಮಾಧಾನವಿಲ್ಲ" ಎಂದು ಬರೆದಿದ್ದೀರಿ. ಇದನ್ನೂ ಅರ್ಥಶಾಸ್ತ್ರಜ್ಞರು ಗಮನಿಸಿದ್ದಾರೆ. 2015ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದ ಪ್ರಕಾರ, ಗಂಡನಿಗಿಂತ ಹೆಚ್ಚು ದುಡಿಯುವ ಹೆಂಡತಿ ಮನೆಕೆಲಸದಲ್ಲೂ ಹೆಚ್ಚಿನ ಪಾಲು ಹೊರುತ್ತಾಳೆ. ಹೊರಗೆ ದುಡಿದ ತಪ್ಪಿಗೆ ಒಳಗೆ ದಂಡ ಕಟ್ಟುವ ಹಾಗೆ. ನೀವು ಮಾಡುತ್ತಿರುವುದೂ ಅದೇ. ದುಡಿದದ್ದು ತಪ್ಪಲ್ಲ, ಆದ್ದರಿಂದ ದಂಡವೂ ಬೇಡ. ಆ ಕಟ್ಟೆ ಆಗಲೇ ಶುಚಿಯಾಗಿದೆ. ಅದನ್ನು ನೀವು ಮತ್ತೆ ಒರೆಸಿದಾಗ ಪಕ್ಕದಲ್ಲಿ ನಿಂತವರಿಗೆ ಏನನ್ನಿಸುತ್ತದೆ ಎಂದು ಯೋಚಿಸಿದ್ದೀರಾ? ಬೆಳಗ್ಗೆ ಮಗುವನ್ನು ಎಬ್ಬಿಸಿ, ಡಬ್ಬಿ ಕಟ್ಟಿ, ಜ್ವರ ಬಂದಾಗ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ರಾತ್ರಿ ಪಾಠ ಹೇಳಿಕೊಡುವ ಮನುಷ್ಯನಿಗೆ ಹೊರಗೆ ಹೇಳಿಕೊಳ್ಳಲು ಹೆಸರಿಲ್ಲದ ಕೆಲಸ, ಒಳಗೆ ಎರಡನೇ ಸಲ ಒರೆಸಿಸಿಕೊಳ್ಳುವ ಕೆಲಸ. ಅವರು ಮಾತು ಕಡಿಮೆ ಮಾಡಿದ್ದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ.

ನಿಮ್ಮ ಅಕ್ಕನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪ್ರತಿ ಫೋನಿನಲ್ಲೂ "ನಿನ್ನ ಗಂಡನಿಗೆ ಎಲ್ಲಾದರೂ ಸಿಕ್ತಾ?" ಎಂದು ಕೇಳುತ್ತಾರಂತೆ. ನಾಲ್ಕು ವರ್ಷದಿಂದ ಒಂದೇ ಪ್ರಶ್ನೆ. "ಅಕ್ಕನಿಗೆ ನನ್ನ ಮೇಲೆ ಕಾಳಜಿ" ಎನ್ನುತ್ತೀರಿ. ನನಗೆ ಹಾಗೆ ಕಾಣಲಿಲ್ಲ. ಕಾಳಜಿ ಇರುವವರು "ನೀನು ಹೇಗಿದ್ದೀಯ?" ಎಂದು ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಇಬ್ಬರೂ ಒಪ್ಪಿ ಮಾಡಿಕೊಂಡ ವ್ಯವಸ್ಥೆಯನ್ನು ಹುಡುಕಿ ತೀರಬೇಕಾದ ಕೊರತೆಯನ್ನಾಗಿ ಮಾಡಿದವರು ಅವರು. 'ಸ್ವಂತ ವ್ಯವಹಾರ' ಎಂಬ ಉತ್ತರ ಮೊದಲು ಹುಟ್ಟಿದ್ದು ಅವರ ಬಾಯಿ ಮುಚ್ಚಿಸಲು ಎಂದು ನೀವೇ ಬರೆದಿದ್ದೀರಿ. ಅಕ್ಕನಿಗೆ ಹೇಳಿದ ಸುಳ್ಳು ಈಗ ಮಗಳ ತನಕ ಬಂದು ನಿಂತಿದೆ.

ಕೆಲಸದ ಪ್ರಶ್ನೆಗೆ ಬರೋಣ. ಗಂಡ ಮನೆಯಲ್ಲಿರುವ ಸಂಸಾರ ಸಲೀಸು ಎಂದು ನಾನು ಹೇಳುವುದಿಲ್ಲ. ಹಾರ್ವರ್ಡ್‌ನ ಸಮಾಜಶಾಸ್ತ್ರಜ್ಞೆಯೊಬ್ಬರು 6,000ಕ್ಕೂ ಹೆಚ್ಚು ದಂಪತಿಗಳ ಮಾಹಿತಿ ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1975ರ ನಂತರದ ಮದುವೆಗಳಲ್ಲಿ ಗಂಡ ಪೂರ್ಣಾವಧಿ ಕೆಲಸದಲ್ಲಿದ್ದರೆ ಮುಂದಿನ ವರ್ಷ ವಿಚ್ಛೇದನವಾಗುವ ಸಾಧ್ಯತೆ ಶೇಕಡಾ 2.5, ಇಲ್ಲದಿದ್ದರೆ ಶೇಕಡಾ 3.3 ಎಂದು ಕಂಡಿತು. ಮನೆಯ ಒಟ್ಟು ಆದಾಯಕ್ಕಾಗಲಿ, ಹೆಂಡತಿ ಆರ್ಥಿಕವಾಗಿ ತನ್ನ ಕಾಲ ಮೇಲೆ ನಿಲ್ಲಬಲ್ಲಳೇ ಎಂಬುದಕ್ಕಾಗಲಿ ಮದುವೆ ಮುರಿಯುವುದರ ಜೊತೆ ಸಂಬಂಧ ಕಾಣಲಿಲ್ಲ. ಅಂದರೆ ಕಾಡುವುದು ದುಡ್ಡಲ್ಲ, 'ಗಂಡಸಾದವನು ದುಡಿಯಬೇಕು' ಎಂಬ ನಿರೀಕ್ಷೆ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ 2019ರ ಅಧ್ಯಯನ ಇನ್ನೂ ಮುಖ್ಯವಾದದ್ದನ್ನು ಹೇಳುತ್ತದೆ. ಅದು ಅಮೆರಿಕದ ಸಾವಿರಾರು ದಂಪತಿಗಳ 15 ವರ್ಷಗಳ ಮಾಹಿತಿ ನೋಡಿದ್ದು. ಮನೆಯ ಆದಾಯದಲ್ಲಿ ಹೆಂಡತಿಯ ಪಾಲು ಶೇಕಡಾ 40 ದಾಟಿ ಏರಿದಂತೆ ಗಂಡನ ಮನಸ್ಸಿನ ಸಂಕಟವೂ ಏರುತ್ತದೆ. ಆದರೆ ಮದುವೆಯ ಹೊತ್ತಿಗೇ ಹೆಂಡತಿಯ ದುಡಿಮೆ ಹೆಚ್ಚಿದ್ದವರಲ್ಲಿ ಈ ಸಂಕಟ ಕಾಣಲಿಲ್ಲ. ಅವರ ಮನೆಯಲ್ಲಿ ಮೊದಲ ದಿನದಿಂದ ಮುಚ್ಚಿಡುವಂಥದ್ದೇನೂ ಇರಲಿಲ್ಲ ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ. ನಿಮ್ಮದು ನಡುವೆ ಬದಲಾದ ಸಂಸಾರ. ಬದಲಾದದ್ದನ್ನು ನಾಲ್ಕು ಗೋಡೆಯೊಳಗೆ ಒಪ್ಪಿಕೊಂಡಿರಿ, ಬಾಗಿಲ ಹೊರಗೆ ಇವತ್ತಿಗೂ ಒಪ್ಪಿಕೊಂಡಿಲ್ಲ.

ಈ ಅಂಕಣದಲ್ಲಿ ಹಲವು ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಮನೆಗೆ ಬಂದ ಸಂಬಳ ಮನೆಯದು, ತಂದವರೊಬ್ಬರದಲ್ಲ. ಮನೆಯಲ್ಲಿರುವವರ ಹೆಸರಿನಲ್ಲೂ ತಿಂಗಳು ತಿಂಗಳು ಉಳಿತಾಯ ಬೀಳಬೇಕು, ಅವರ ಖರ್ಚಿಗೆ ಅವರು ಕೇಳಿ ಪಡೆಯುವಂತಾಗಬಾರದು. ಇದನ್ನು ನೀವು ಮಾಡಿದ್ದೀರೋ ಇಲ್ಲವೋ ಪತ್ರದಲ್ಲಿಲ್ಲ. ಇಲ್ಲದಿದ್ದರೆ ಮಾಡಿ. ಗೃಹಿಣಿಯರ ಪರವಾಗಿ ಇದೇ ಮಾತು ಬರೆದಾಗ ಭೇಷ್ ಎಂದ ಓದುಗರು, ಮನೆಯಲ್ಲಿರುವ ಗಂಡಸಿನ ವಿಷಯದಲ್ಲಿ ಹಿಂಜರಿಯುವುದನ್ನು ನೋಡಿ ಬೇಸರವಾಗುತ್ತದೆ.

ನಿಮಗೆ ಹತ್ತು ಸಲಹೆ ಕೊಡುವುದಿಲ್ಲ. ಒಂದೇ ಒಂದು ಕೆಲಸ ಮಾಡಿ. ಶಾಲೆಗೆ ಹೋಗಿ ಆ ಫಾರ್ಮನ್ನು ತಿದ್ದಿಸಿ. ಹೋಗುವ ಮೊದಲು ಅವರ ಹತ್ತಿರ ಕೂತು, "ನಾನು ಬರೆದದ್ದು ತಪ್ಪು, ಏನು ಬರೆಯಬೇಕು ನೀವೇ ಹೇಳಿ" ಎಂದು ಕೇಳಿ. ಹಗಲು ಹೊತ್ತಿನಲ್ಲಿ ಕೇಳಿ, ಇಬ್ಬರೂ ದಣಿದು ಮಲಗುವ ಹೊತ್ತಿನಲ್ಲಿ ಬೇಡ. ಅವರು 'ಮನೆ ನಿರ್ವಹಣೆ' ಎಂದರೆ ಅದನ್ನೇ ಬರೆಯಿರಿ. ಬೇರೆ ಏನಾದರೂ ಹೇಳಿದರೆ, ಆ ಮಾತಿನ ಹಿಂದೆ ಏನಿದೆ ಎಂದು ಪೂರ್ತಿ ಕೇಳಿಸಿಕೊಳ್ಳಿ. ಕೆಲಸಕ್ಕೆ ಹೋಗುವ ಆಸೆ ಅವರಿಗೇ ಇದ್ದರೆ ಅದು ಅಲ್ಲೇ ಹೊರಬರುತ್ತದೆ. ಮಗಳನ್ನೂ ಕರೆದು, ಅಪ್ಪನಿಗೆ ಆಫೀಸ್ ಇಲ್ಲ, ಮನೆ ನಡೆಸುವುದೇ ಅಪ್ಪನ ಕೆಲಸ ಎಂದು ಅವರೆದುರಿಗೇ ಹೇಳಿ. ಏಳು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ.

ಅಕ್ಕ ಫೋನ್ ಮಾಡಿದಾಗಲೂ ಅದೇ ಉತ್ತರ ಕೊಡಿ. ಮತ್ತೆ ಕೆಲಸಕ್ಕೆ ಹೋಗುವ ಮಾತನ್ನು ಈ ಶಾಲಾ ವರ್ಷ ಮುಗಿಯುವವರೆಗೆ ನೀವಾಗಿ ಎತ್ತಬೇಡಿ. ಅವರು ಎತ್ತಿದರೆ ಮಾತಾಡಿ. ಆಮೇಲೆ ಏನಾಯಿತೆಂದು ನನಗೆ ಬರೆಯಿರಿ.