ತೂಕ ಇಳಿದರೂ ಭಯ, ಏರಿದರೂ ಭಯ: ಬೊಜ್ಜು ಇಳಿಸುವ ಬೇರಿಯಾಟ್ರಿಕ್ ಆಪರೇಷನ್ನಿಗೆ ಮುಂಚಿನ ಆರು ತಿಂಗಳು

ವನಜಾ ಅವರಿಗೆ 41 ವರ್ಷ. ಹೆಸರು ನಿಜದ್ದಲ್ಲ, ಒಬ್ಬರಿಗಿಂತ ಹೆಚ್ಚು ಜನರ ವಿವರ ಬೆರೆಸಿ, ಗುರುತು ಸಿಗದಂತೆ ಬದಲಿಸಿ ಬರೆದಿದೆ. ವಾಸ ಅಮೆರಿಕದ ನ್ಯೂಜೆರ್ಸಿಯಲ್ಲಿ, ವಿಮೆ ಗಂಡನ ಕಂಪನಿಯದು. ಎತ್ತರ 5 ಅಡಿ 2 ಇಂಚು, ತೂಕ ಮೇ ತಿಂಗಳಲ್ಲಿ 205 ಪೌಂಡು, ಅಂದರೆ 93 ಕಿಲೋ, ಎತ್ತರಕ್ಕೆ ತಕ್ಕಂತೆ ತೂಕ ಎಷ್ಟೆಂದು ಅಳೆಯುವ ಬಿಎಂಐ 37.5. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಂಡೂ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.6. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಇದೆ. ಸರ್ಜನ್ ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಬೇರೆ ದಾರಿಯಲ್ಲಿ ಜೋಡಿಸುವ ಆಪರೇಷನ್, ಸೂಚಿಸಿದ್ದರು. ಆದರೆ ವೈದ್ಯರ ನಿಗಾದಲ್ಲಿ ಸತತ ಆರು ತಿಂಗಳು ಪಥ್ಯ ಮಾಡಿದ ದಾಖಲೆ ಕೊಡದೆ ಆಪರೇಷನ್ನಿಗೆ ಒಪ್ಪಿಗೆ ಇಲ್ಲ ಎಂದು ವಿಮೆಯವರು ಪತ್ರ ಕಳಿಸಿದ್ದರು.

ಜುಲೈ ಕೊನೆಯಲ್ಲಿ ನನ್ನ ಬಳಿ ಆಪ್ತಸಲಹೆಗೆ ಬಂದಾಗ ತೂಕ 194 ಪೌಂಡಿಗೆ ಇಳಿದಿತ್ತು. ಸಂತೋಷಪಡಬೇಕಾದವರು ಅಳುತ್ತಿದ್ದರು. ಬಿಎಂಐ 35.5ಕ್ಕೆ ಬಂದಿದೆ, ಇನ್ನು ಮೂರು ಪೌಂಡು ಇಳಿದರೆ ವಿಮೆಯವರ 35ರ ಗೆರೆಗಿಂತ ಕೆಳಗಾಗಿ ಆಪರೇಷನ್ ಕೈತಪ್ಪುತ್ತದೆ ಎಂದು ಯಾರೋ ಹೇಳಿದ್ದರು. ಅಂದಿನಿಂದ ರಾತ್ರಿ ಬೇಕೆಂದೇ ಎರಡನೇ ಸಲ ಊಟ ಮಾಡುತ್ತಿದ್ದರು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕೈ ನಡುಗಿ ಬೆವರು ಬರುತ್ತಿತ್ತು; ಆಗ ಸಿಕ್ಕ ಸಿಹಿ ತಿನ್ನುತ್ತಿದ್ದರು. ಆಗಸ್ಟ್ ಕೊನೆಗೆ ಶಿವಮೊಗ್ಗದಲ್ಲಿ ತಂಗಿಯ ಮದುವೆ, ಸುಮಾರು ಒಂದು ತಿಂಗಳ ಪ್ರಯಾಣ. ಆಪರೇಷನ್ ವಿಷಯ ಅತ್ತೆಗೆ ಗೊತ್ತಿಲ್ಲ. "ಬಾಯಿ ಕಟ್ಟೋಕೆ ಆಗದವಳು ಹೊಟ್ಟೆ ಕೊಯ್ಸ್ಕೊಂಡ್ಲು ಅಂತಾರೆ" ಎನ್ನುವುದು ಅವರ ದೊಡ್ಡ ಸಂಕಟ.

ಇಂಥವರಿಗೆ ಮೊದಲು ಹೇಳಬೇಕಾದ ಮಾತು ಒಂದಿದೆ. ಈ ಆರು ತಿಂಗಳ ಕಾಯಿಸುವಿಕೆ ಅವರ ಶಿಸ್ತಿಗೆ ಯಾರೋ ಕೊಟ್ಟ ತೀರ್ಪಲ್ಲ. ವಿಮೆಯವರು ಕಡ್ಡಾಯ ಮಾಡುವ ಇಂಥ ಪಥ್ಯದ ಷರತ್ತಿಗೆ ವೈಜ್ಞಾನಿಕ ಆಧಾರವಿಲ್ಲ, ಇದು ತಾರತಮ್ಯ ಎಂದು ಅಮೆರಿಕದ ಬೇರಿಯಾಟ್ರಿಕ್ ಸರ್ಜನ್ನರ ಸಂಘವೇ 2016ರಲ್ಲಿ ಹೇಳಿಕೆ ಕೊಟ್ಟಿದೆ. ಅದು ನಿಜವಾದ ಮಾತು ಎಂದೇ ನನ್ನ ಅಭಿಪ್ರಾಯ. ಆದರೂ ನಿಯಮ ಇರುವ ತನಕ ಅದನ್ನು ಅಕ್ಷರಕ್ಷರ ಪೂರೈಸಬೇಕು, ಮತ್ತು ಆ ತಿಂಗಳುಗಳನ್ನು ವ್ಯರ್ಥವಾಗಲು ಬಿಡಬಾರದು.

ಮೊದಲು ಕಾಗದ

ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ತಟ್ಟೆಯಲ್ಲಿನ ತಪ್ಪಿನಿಂದಲ್ಲ, ಕಾಗದದಲ್ಲಿನ ತಪ್ಪಿನಿಂದ. ಹಾಗಾಗಿ ವನಜಾ ಅವರ ಮೂರು ಭೇಟಿಗಳ ಟಿಪ್ಪಣಿಯನ್ನು ಆಸ್ಪತ್ರೆಯ ಪೋರ್ಟಲ್‌ನಿಂದ ಇಳಿಸಿಕೊಂಡು ಕೂತು ಓದಿದೆವು. ಮೇ ತಿಂಗಳದ್ದು ಕೆಮ್ಮು ಮತ್ತು ಸಕ್ಕರೆ ಮಾತ್ರೆಗೆಂದು ಹೋದ ಭೇಟಿ. ನರ್ಸ್ ತೂಕ ಬರೆದಿದ್ದರು, ಅಷ್ಟೇ. ಪಥ್ಯದ ಸುದ್ದಿಯೇ ಇಲ್ಲ. ಅದು ಲೆಕ್ಕಕ್ಕೆ ಬರುವುದಿಲ್ಲ. "ಡಾಕ್ಟರಿಗೆ ಹೇಳಿ ಎರಡು ಸಾಲು ಸೇರಿಸಿಸಿದರೆ?" ಎಂದು ಗಂಡ ಕೇಳಿದರು. ಅಂದು ನಿಜಕ್ಕೂ ಪಥ್ಯದ ಮಾತು ನಡೆದು, ಬರೆಯಲು ಬಿಟ್ಟುಹೋಗಿದ್ದರೆ, ಸೇರಿಸಿದ ದಿನಾಂಕ ಹಾಕಿ ಪೂರಕ ಟಿಪ್ಪಣಿ ಬರೆಯುವುದು ಸರಿ. ಇಲ್ಲಿ ಮಾತೇ ನಡೆದಿರಲಿಲ್ಲ. ನಡೆಯದ್ದನ್ನು ಬರೆಸುವುದು ಸುಳ್ಳು ದಾಖಲೆ. ವೈದ್ಯರಿಗೂ ರೋಗಿಗೂ ಕುತ್ತು. ಲೆಕ್ಕ ಜೂನ್‌ನಿಂದ ಶುರು ಎಂದು ಒಪ್ಪಿಕೊಳ್ಳುವಂತೆ ಸಲಹೆ ಕೊಟ್ಟೆ.

ಪ್ರತಿ ತಿಂಗಳ ಟಿಪ್ಪಣಿಯಲ್ಲಿ ದಿನಾಂಕ, ಅಂದು ಅಳೆದ ತೂಕ, ಬಿಎಂಐ, ಎಷ್ಟು ಕ್ಯಾಲರಿಯ ಯಾವ ಪಥ್ಯ, ಎಷ್ಟು ನಿಮಿಷದ ನಡಿಗೆ ಅಥವಾ ವ್ಯಾಯಾಮ, ಯಾವ ಅಭ್ಯಾಸ ಬದಲಿಸಲು ಹೇಳಿದರು, ರೋಗಿ ಎಷ್ಟರ ಮಟ್ಟಿಗೆ ಪಾಲಿಸಿದರು, ಕೊನೆಗೆ ವೈದ್ಯರ ಸಹಿ, ಇಷ್ಟೂ ಇರಬೇಕು. "ಪಥ್ಯದ ಬಗ್ಗೆ ಚರ್ಚಿಸಲಾಯಿತು" ಎಂಬ ಒಂದೇ ಸಾಲು ಸಾಲದು. ಭೇಟಿಯ ಕಾರಣವಾಗಿ ಬೊಜ್ಜಿನ ಕೋಡ್, ಅಂದರೆ ವಿಮೆಯ ಕಾಗದದಲ್ಲಿ ಆ ಕಾಯಿಲೆಗೆ ಇರುವ ಸಂಖ್ಯೆ, ಮೊದಲು ಬರಬೇಕು. 2024ರ ಅಕ್ಟೋಬರ್‌ನಿಂದ ಎರಡನೇ ದರ್ಜೆಯ (ಬಿಎಂಐ 35ರಿಂದ 40ರೊಳಗಿನ) ಬೊಜ್ಜಿಗೆ E66.812 ಎಂಬ ಹೊಸ ಕೋಡ್ ಬಂದಿದೆ. ಭೇಟಿ ಮುಗಿಸಿ ಹೊರಡುವ ಮುನ್ನ ಟಿಪ್ಪಣಿಯಲ್ಲಿ ಇವೆಲ್ಲ ಇರುತ್ತವೆಯೇ ಎಂದು ವಿನಯವಾಗಿ ಕೇಳಿ, ವಾರದೊಳಗೆ ಪೋರ್ಟಲ್‌ನಲ್ಲಿ ಓದಿ ನೋಡಬೇಕು. ಆರು ತಿಂಗಳಾದ ಮೇಲೆ ಸಿಗುವ ತಪ್ಪನ್ನು ತಿದ್ದುವುದು ಬಲು ಕಷ್ಟ.

ಇನ್ನು ವಿಮೆಯವರಿಗೆ ಬರಹದಲ್ಲಿ ಕೇಳಬೇಕಾದ ಪ್ರಶ್ನೆಗಳು. ಫೋನಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆದ್ದರಿಂದ ಸದಸ್ಯರ ಪೋರ್ಟಲ್‌ನಲ್ಲಿ ಸಂದೇಶ ಕಳಿಸಿ, ಬೈಪಾಸ್ ಆದರೆ 43644, ಜಠರದ ಬಹುಭಾಗ ತೆಗೆದುಹಾಕುವ ಸ್ಲೀವ್ ಆದರೆ 43775 ಎಂಬ ಶಸ್ತ್ರಚಿಕಿತ್ಸೆಯ ಕೋಡ್ ನಮೂದಿಸಿ ಕೇಳಬೇಕು. ನಮ್ಮ ಪ್ಲಾನಿನಲ್ಲಿ ಈ ಆಪರೇಷನ್ ಇದೆಯೇ ಎಂಬುದೇ ಮೊದಲ ಪ್ರಶ್ನೆ. ಸಾಕಷ್ಟು ಕಂಪನಿಗಳು ತಮ್ಮ ಪ್ಲಾನಿನಿಂದ ಇದನ್ನು ಪೂರ್ತಿ ಹೊರಗಿಟ್ಟಿರುತ್ತವೆ; ಆಗ ಎಷ್ಟು ಪಥ್ಯ ಮಾಡಿದರೂ ಪ್ರಯೋಜನವಿಲ್ಲ. ಆರು ತಿಂಗಳು ಎಂದರೆ ಆರು ಭೇಟಿಯೇ, ಅಥವಾ ಮೊದಲ ಭೇಟಿಯಿಂದ ಕೊನೆಯದಕ್ಕೆ 180 ದಿನವೇ? ನಾಲ್ಕು ವಾರಕ್ಕೊಮ್ಮೆ ಆರು ಸಲ ಹೋದರೆ ನಡುವಿನ ಅಂತರ ಐದೇ, 140 ದಿನ ಮಾತ್ರ. ಏಳನೆಯದಕ್ಕೂ 168 ದಿನವೇ ಆಗುವುದರಿಂದ, 180 ದಿನ ಕೇಳುವ ಪ್ಲಾನಿಗೆ ಎಂಟನೇ ಭೇಟಿ ಬೇಕಾಗುತ್ತದೆ. ಇದು ಗೊತ್ತಿಲ್ಲದೆ ಎಡವುವವರು ಬಹಳ. ಡಯಟಿಷಿಯನ್ ಭೇಟಿ ಸಾಕೇ, ವೈದ್ಯರದೇ ಆಗಬೇಕೇ? ಕೊನೆಯದು, ವನಜಾ ಅವರ ನಿದ್ದೆಗೆಡಿಸಿದ ಪ್ರಶ್ನೆ: ಯಾವ ದಿನದ ಬಿಎಂಐ ಲೆಕ್ಕಕ್ಕೆ?

ಅವರ ಪ್ಲಾನಿನ ಉತ್ತರ ಹೀಗಿತ್ತು: ಸತತ ಆರು ಕ್ಯಾಲೆಂಡರ್ ತಿಂಗಳು, ತಿಂಗಳಿಗೊಂದು ಭೇಟಿ, ಬಿಎಂಐ ಲೆಕ್ಕ ಕಾರ್ಯಕ್ರಮ ಶುರುವಾದ ದಿನದ್ದು. ಜೂನ್‌ನ ತೂಕ 200 ಪೌಂಡು, ಬಿಎಂಐ 36.6. ಸಕ್ಕರೆ ಕಾಯಿಲೆಯೂ ಇರುವುದರಿಂದ 35ರ ಮೇಲಿದ್ದರೆ ಸಾಕಿತ್ತು. ಅಲ್ಲಿಂದ ಮುಂದೆ ಎಷ್ಟು ಇಳಿದರೂ ಅಡ್ಡಿಯಿಲ್ಲ. ಬದಲಿಗೆ, ಬೇಕೆಂದು ತಿಂದು ತೂಕ ಏರಿದ್ದರೆ "ಪಥ್ಯ ಪಾಲಿಸಿಲ್ಲ" ಎಂದು ತಿರಸ್ಕರಿಸಲು ದಾರಿಯಾಗುತ್ತಿತ್ತು. ಎಲ್ಲ ಪ್ಲಾನುಗಳೂ ಹೀಗೇ ಲೆಕ್ಕ ಹಾಕುವುದಿಲ್ಲ, ಕೇಳಿಯೇ ತಿಳಿಯಬೇಕು. ಏಷ್ಯಾ ಮೂಲದವರಿಗೆ ಬಿಎಂಐ ಗೆರೆಯನ್ನು ಕೆಳಗಿಟ್ಟಿರುವ ಪ್ಲಾನುಗಳೂ ಇವೆ, ಅದನ್ನೂ ಕೇಳಿ.

ನಾಲ್ಕು ಗಂಟೆಯ ನಡುಕ

ಇದು ಮನಸ್ಸಿನ ದೌರ್ಬಲ್ಯವಲ್ಲ. ಗ್ಲಿಮೆಪಿರೈಡ್ ಊಟ ಎಷ್ಟಿದೆ ಎಂದು ನೋಡದೆ ಇನ್ಸುಲಿನ್ ಸುರಿಸುತ್ತದೆ. ಅನ್ನ ಕಡಿಮೆ ಮಾಡಿ ಮಾತ್ರೆಯ ಪ್ರಮಾಣ ಹಾಗೇ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಗ್ಲುಕೋಮೀಟರಿನಲ್ಲಿ ನೋಡಿದಾಗ ಆ ಹೊತ್ತಿಗೆ 58 ಇತ್ತು. ಅಂದೇ ವೈದ್ಯರಿಗೆ ಸಂದೇಶ ಕಳಿಸಲು ಹೇಳಿದೆ. ಅವರು ಮಾತ್ರೆ ಅರ್ಧಕ್ಕಿಳಿಸಿದರು. ಸಕ್ಕರೆ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್, ಅಂದರೆ ಮೂರು-ನಾಲ್ಕು ಗ್ಲೂಕೋಸ್ ಮಾತ್ರೆ ಅಥವಾ ಅರ್ಧ ಕಪ್ ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಹೋಳಿಗೆ, ಬರ್ಫಿ ಈ ಕೆಲಸಕ್ಕೆ ಬಾರವು. ತುಪ್ಪದ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ, ಅಷ್ಟರಲ್ಲಿ ಮೂರು ತಿಂದಿರುತ್ತೀರಿ.

ಏಕಾದಶಿ ಉಪವಾಸವನ್ನೂ ಈ ಮಾತ್ರೆ ಇರುವವರೆಗೆ ಬಿಡುವಂತೆ ಹೇಳಬೇಕಾಯಿತು. ಅವರಿಗೆ ನೋವಾಯಿತು. ಆದರೆ ಅವರ ಉಪವಾಸದ ದಿನ ನಡೆಯುತ್ತಿದ್ದುದು ಹಗಲಿಡೀ ಬರಿಹೊಟ್ಟೆ, ಸಂಜೆ ಸಬ್ಬಕ್ಕಿ ಉಪ್ಪಿಟ್ಟು. ಅದು ಬರೀ ಪಿಷ್ಟ.

ತಟ್ಟೆ

ಡಯಟಿಷಿಯನ್ ಕೊಟ್ಟ ಗುರಿ ದಿನಕ್ಕೆ 1,300 ಕ್ಯಾಲರಿ, 70 ಗ್ರಾಂ ಪ್ರೊಟೀನ್. ವನಜಾ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಕೈಗೆ ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ಕೋಳಿ ಮತ್ತು ಮೀನು. ಹಾಗಾಗಿ ಅವರು ಮಾಡಿದ್ದು ಎಲ್ಲವನ್ನೂ ಸ್ವಲ್ಪ ಕಡಿಮೆ ತಿನ್ನುವುದು: ಎರಡು ಇಡ್ಲಿ, ಒಂದು ಹಿಡಿ ಅನ್ನ-ಸಾರು, ಒಂದು ಚಪಾತಿ. ಆರೋಗ್ಯಕರವಾಗಿ ಕಾಣುವ ಈ ಊಟದಲ್ಲಿ ಪ್ರೊಟೀನ್ ಗುರಿಯ ಅರ್ಧವೂ ಇರಲಿಲ್ಲ. ತಿಳಿಸಾರಿನಲ್ಲಿ ಬೇಳೆ ಎಲ್ಲಿದೆ? ಹಸಿವು ತಡೆಯದೆ ಸಂಜೆ ಚಕ್ಕುಲಿ ಡಬ್ಬಕ್ಕೆ ಕೈ ಹೋಗುವುದು ಇದರಿಂದಲೇ.

ಡಯಟಿಷಿಯನ್ ಒಪ್ಪಿಗೆ ಪಡೆದು ಹೀಗೆ ಬದಲಿಸಿಕೊಂಡರು. ಬೆಳಿಗ್ಗೆ ಇಡ್ಲಿ ಬದಲು ಹೆಸರುಬೇಳೆ ದೋಸೆ ಎರಡು, ಜೊತೆಗೆ 50 ಗ್ರಾಂ ಪನೀರ್. ಸುಮಾರು 19 ಗ್ರಾಂ ಪ್ರೊಟೀನ್ ಆಯಿತು. ಮಧ್ಯಾಹ್ನ ಮೊದಲು ಪಲ್ಯ ಮತ್ತು ಒಂದು ಕಪ್ ಗಟ್ಟಿ ಹುಳಿ, ಆಮೇಲೆ ಅರ್ಧ ಕಪ್ ಅನ್ನ. ಮನೆ ಮೊಸರಿನ ಬದಲು 170 ಗ್ರಾಂ ಗ್ರೀಕ್ ಯೋಗರ್ಟ್, ಅದೊಂದರಲ್ಲೇ 15 ಗ್ರಾಂ. ಸಂಜೆ ನಾಲ್ಕಕ್ಕೆ ಸಕ್ಕರೆ ಹಾಕದ ವೇ ಪ್ರೊಟೀನ್ ಒಂದು ಸ್ಕೂಪ್, 20 ಗ್ರಾಂ. ರಾತ್ರಿ ಒಂದು ಚಪಾತಿ, 30 ಗ್ರಾಂ ಒಣ ಸೋಯಾ ಚಂಕ್ಸ್ ಹಾಕಿದ ಸಾಗು, ಇನ್ನೂ 15 ಗ್ರಾಂ. ಕೂಡಿಸಿದರೆ 70 ಸಲೀಸಾಗಿ ದಾಟುತ್ತದೆ. ಒಗ್ಗರಣೆ ಎಣ್ಣೆಯನ್ನು ಬಾಟಲಿಯಿಂದ ನೇರ ಸುರಿಯದೆ ಟೀ ಚಮಚದಲ್ಲಿ ಅಳೆಯಬೇಕು. ಒಂದು ಟೇಬಲ್ ಚಮಚ ಎಣ್ಣೆ 120 ಕ್ಯಾಲರಿ, ಅರ್ಧ ಕಪ್ ಅನ್ನಕ್ಕಿಂತ ಹೆಚ್ಚು.

ಊಟದ ಡೈರಿಯಲ್ಲಿ "ಹುಳಿ, ಒಂದು ಬಟ್ಟಲು" ಎಂದು ಬರೆದರೆ ಅಲ್ಲಿನ ಡಯಟಿಷಿಯನ್‌ಗೆ ಅರ್ಥವಾಗದು. "ತೊಗರಿಬೇಳೆ-ಹುರುಳಿಕಾಯಿ ಸಾಂಬಾರು, 240 ಮಿಲಿ, ಎಣ್ಣೆ 1 ಟೀ ಚಮಚ" ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ತಪ್ಪಿ ತಿಂದದ್ದನ್ನೂ ಬರೆಯಬೇಕು. ಎಲ್ಲ ದಿನವೂ ಒಂದೇ ಥರ ಚೊಕ್ಕವಾಗಿರುವ ಡೈರಿಯನ್ನು ಯಾರೂ ನಂಬುವುದಿಲ್ಲ.

ಆಪರೇಷನ್ ನಂತರ ಬೇಕಾಗುವ ಅಭ್ಯಾಸಗಳನ್ನು ಈಗಲೇ ಕೈಗೂಡಿಸಿಕೊಳ್ಳಬೇಕೆಂಬುದು ನಾನು ಒತ್ತಿ ಹೇಳಿದ ಮಾತು. ಊಟದ ಜೊತೆ ನೀರು ಕುಡಿಯದೆ ಮುಗಿದ ಮೇಲೆ ಅರ್ಧ ಗಂಟೆ ಬಿಡುವುದು, ತುತ್ತು ನುಣ್ಣಗಾಗುವ ತನಕ ಅಗಿಯುವುದು, ದಿನಕ್ಕೆ ಎರಡು ಲೀಟರಿನಷ್ಟು ನೀರನ್ನು ಗುಟುಕು ಗುಟುಕಾಗಿ ಮುಗಿಸುವುದು. ಸಾರನ್ನದ ಊಟ ಅಗಿಯದೆ ಜಾರಿಹೋಗುವ ಊಟ. ನಮ್ಮವರಿಗೆ ಇದೇ ಎಲ್ಲಕ್ಕಿಂತ ಕಷ್ಟ. ಬಿ12, ಕಬ್ಬಿಣ, ವಿಟಮಿನ್ ಡಿ ಪರೀಕ್ಷೆಯನ್ನೂ ಈಗಲೇ ಮಾಡಿಸಬೇಕು. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ ಇರುವುದು ಸಾಮಾನ್ಯ, ಬೈಪಾಸ್ ಆದ ಮೇಲೆ ಅದು ಇನ್ನೂ ಕುಸಿಯುತ್ತದೆ.

ಪ್ರಯಾಣ, ಮನೆ, ಮನಸ್ಸು

ಮದುವೆಗೆ ಹೋಗಬೇಡಿ ಎಂದು ಹೇಳಲಿಲ್ಲ. ಪ್ಲಾನು ಕ್ಯಾಲೆಂಡರ್ ತಿಂಗಳು ಎಣಿಸುವುದರಿಂದ ಆಗಸ್ಟ್ 5ಕ್ಕೆ ಭೇಟಿ ಮುಗಿಸಿ ಹೊರಟು, ವಾಪಸಾಗಿ ಸೆಪ್ಟೆಂಬರ್ 15ಕ್ಕೆ ಮುಂದಿನದು ಇಟ್ಟುಕೊಂಡರು. ಭಾರತದಿಂದ ವಿಡಿಯೋ ಭೇಟಿ ಮಾಡಿದರೆ ಸಾಲದೇ ಎಂದು ಕೇಳಿದ್ದರು. ವೈದ್ಯರ ಪರವಾನಗಿ ರೋಗಿ ಆ ಹೊತ್ತಿಗೆ ಇರುವ ಜಾಗಕ್ಕೆ ಅನ್ವಯಿಸಬೇಕು. ಪರದೇಶದಿಂದ ಮಾಡಿದ ಭೇಟಿಯನ್ನು ನಂಬಿಕೊಳ್ಳುವಂತಿಲ್ಲ.

ಭಾರತದಲ್ಲೇ ಮಾಡಿಸಿಬಿಟ್ಟರೆ ಹೇಗೆ ಎಂದೂ ಗಂಡ ಕೇಳಿದರು. ಭಾರತದ ಆರೋಗ್ಯ ವಿಮೆಯಲ್ಲಿ, ಅಲ್ಲಿನ ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ನಿಯಮದಂತೆ ಬಿಎಂಐ 40, ಅಥವಾ 35ರ ಜೊತೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ತೀವ್ರ ನಿದ್ರಾ ಉಸಿರುಗಟ್ಟುವಿಕೆ, ಹೃದ್ರೋಗದಂಥದ್ದು ಇದ್ದು, ಬೇರೆ ವಿಧಾನಗಳು ಫಲಿಸದೆ ಇದ್ದರೆ ಮಾತ್ರ ಖರ್ಚು ಸಿಗುತ್ತದೆ. ತಿಂಗಳಿಗೊಂದು ಭೇಟಿಯ ಲೆಕ್ಕ ಆ ನಿಯಮದಲ್ಲಿಲ್ಲ. ಆದರೆ ಇವರಿಗೆ ಅಲ್ಲಿ ವಿಮೆಯೇ ಇರಲಿಲ್ಲ. ಮೇಲಾಗಿ, ಕೊಯ್ದ ಸರ್ಜನ್ ಒಂದು ದೇಶದಲ್ಲಿ, ಮುಂದಿನ ವರ್ಷಗಳ ನಿಗಾ ಇನ್ನೊಂದು ದೇಶದಲ್ಲಿ ಎಂಬ ಏರ್ಪಾಟನ್ನು ನಾನು ಒಪ್ಪುವುದಿಲ್ಲ.

ಆಪರೇಷನ್ನಿಗೆ ಮುಂಚೆ ಆಗಬೇಕಿದ್ದ ಮನೋವೈದ್ಯಕೀಯ ತಪಾಸಣೆಯಲ್ಲಿ ರಾತ್ರಿ ತಿನ್ನುವುದನ್ನು ಮುಚ್ಚಿಡಬೇಕು ಎಂದುಕೊಂಡಿದ್ದರು. ಬೇಡ, ಹೇಳಿ ಎಂದೆ. ಆ ತಪಾಸಣೆ ಜನರನ್ನು ಅಟ್ಟಲು ಇಟ್ಟದ್ದಲ್ಲ. ರಾತ್ರಿ ತಿನ್ನುವ ಚಟಕ್ಕೆ ಚಿಕಿತ್ಸೆ ಇದೆ, ಮುಚ್ಚಿಟ್ಟರೆ ಅದು ಆಪರೇಷನ್ ಆದ ಮೇಲೂ ಮರಳುತ್ತದೆ. ಅತ್ತೆಗೆ ಹೇಳುವುದೋ ಬಿಡುವುದೋ ಅವರ ಇಷ್ಟಕ್ಕೆ ಬಿಟ್ಟದ್ದು. ಆದರೆ ಅಡುಗೆ ಮಾಡುವವರು ಅತ್ತೆಯೇ ಆಗಿದ್ದರಿಂದ ಇಷ್ಟಾದರೂ ತಿಳಿಸಿ ಎಂದೆ: "ಅತ್ತೆ, ಸಕ್ಕರೆಗೆ ಡಾಕ್ಟ್ರು ಊಟ ಬದಲಿಸಿದಾರೆ, ನಂಗೆ ಹುಳಿ ಗಟ್ಟಿ ಇರ್ಲಿ." ಅದು ಸುಳ್ಳಲ್ಲ. ಎರಡು ತಿಂಗಳ ನಂತರ ಪೂರ್ತಿ ವಿಷಯವನ್ನು ವನಜಾ ಅವರೇ ಹೇಳಿಕೊಂಡರು.

ನವೆಂಬರ್ ಭೇಟಿ ಮುಗಿದಾಗ ತೂಕ 186 ಪೌಂಡು. ಕಡತ ಕಳಿಸಿದರು, ತಿರಸ್ಕಾರದ ಪತ್ರ ಬಂತು. ಕಾರಣ, ಅಕ್ಟೋಬರ್ ಟಿಪ್ಪಣಿಯಲ್ಲಿ ವೈದ್ಯರ ಸಹಿ ಇಲ್ಲ. ಮೇಲ್ಮನವಿಗೆ 180 ದಿನ ಇರುತ್ತದೆ, ಅದೂ ಸೋತರೆ ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆ ಕೇಳಬಹುದು. ಇಲ್ಲಿ ಅಷ್ಟು ದೂರ ಹೋಗಲಿಲ್ಲ. ಸರ್ಜನ್ ವಿಮೆಯ ವೈದ್ಯರೊಂದಿಗೆ ನೇರವಾಗಿ ಫೋನಿನಲ್ಲಿ ಮಾತಾಡಿದರು, ಸಹಿ ಆದ ಟಿಪ್ಪಣಿ ಮತ್ತೆ ಕಳಿಸಿದರು, ಅನುಮತಿ ಸಿಕ್ಕಿತು. ಡಿಸೆಂಬರಿನಲ್ಲೇ ಆಪರೇಷನ್ ಗೊತ್ತುಮಾಡಲು ಒತ್ತಾಯಿಸಿದ್ದೆ. ಜನವರಿ 1ಕ್ಕೆ ಡಿಡಕ್ಟಿಬಲ್, ಅಂದರೆ ವಿಮೆಯವರು ಕೊಡುವ ಮುನ್ನ ವರ್ಷಕ್ಕೆ ನಾವೇ ಭರಿಸಬೇಕಾದ ಮೊತ್ತ, ಹೊಸದಾಗಿ ಶುರುವಾಗುತ್ತದೆ, ಕಂಪನಿ ವಿಮೆ ಬದಲಿಸಿದರೆ ಷರತ್ತೂ ಬದಲಾಗಬಹುದು.

ಆಪರೇಷನ್ನಿಗೆ ಮುಂಚಿನ ಎರಡು ವಾರದ ಪಥ್ಯ ಬೇರೆಯೇ. ಅದು ವಿಮೆಗಲ್ಲ, ಯಕೃತ್ತು ಕುಗ್ಗಿಸಲು; ಯಕೃತ್ತು ದಪ್ಪಗಿದ್ದರೆ ಸರ್ಜನ್‌ಗೆ ಹೊಟ್ಟೆ ಸರಿಯಾಗಿ ಕಾಣುವುದಿಲ್ಲ. ದಿನಕ್ಕೆ 800ರಿಂದ 1,000 ಕ್ಯಾಲರಿ, ಪ್ರೊಟೀನ್ ಹೆಚ್ಚು, ಅನ್ನ-ಚಪಾತಿ ಇಲ್ಲವೆನ್ನುವಷ್ಟು. ವನಜಾ ಅವರ ಗ್ಲಿಮೆಪಿರೈಡನ್ನು ವೈದ್ಯರು ಆ ಮೊದಲ ದಿನವೇ ಪೂರ್ತಿ ನಿಲ್ಲಿಸಿದರು. ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಈ ಪಥ್ಯ ಶುರುಮಾಡುವ ಮುನ್ನವೇ ವೈದ್ಯರನ್ನು ಕೇಳಬೇಕು. ಆಪರೇಷನ್ನಿಗೆ ಕನಿಷ್ಠ ಮೂರು ದಿನ ಮುಂಚೆ ಅವುಗಳನ್ನು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ಪದಾರ್ಥ ಏರಿ ಜೀವಕ್ಕೆ ಅಪಾಯವಾಗಬಹುದು.